ವೇಲಾಂಕಣಿಗೆ ಹರಕೆಯಿಲ್ಲದೆ ಹೋದವರು

ತಿರುವಾರೂರು ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಬರೀ ಭತ್ತದ ಗದ್ದೆ. "ಇದೆಲ್ಲ ನಮ್ಮ ಕಾವೇರಿ ನೀರೇ ಅಲ್ವಾ?" ಅಂದಳು ಅಕ್ಕ. ಹೌದು, ಕೊಡಗಿನಲ್ಲಿ ಹುಟ್ಟಿದ ನದಿ ಈ ಕಡೆ ಹತ್ತಾರು ಕವಲಾಗಿ ಒಡೆದು ಕಡಲು ಸೇರುತ್ತದೆ. "ಜಗಳ ಆಡಿ ಬಿಟ್ಟ ನೀರು" ಅಂದೆ ನಾನು. ಮುಂದಿನ ಸೀಟಿನವರೂ ಬೆಂಗಳೂರಿನವರೇ, ತಿರುಗಿ ನೋಡಿ ನಕ್ಕರು. ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಎಲ್ಲರ ಸೊಂಟವೂ ಹಿಡಿದುಕೊಂಡಿತ್ತು.

ಭಾವ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಬೆಳಿಗ್ಗೆ ಕಾಫಿ ಕುಡಿದು ಪೇಪರ್ ಹಿಡಿದು ಕೂತವರು ಮತ್ತೆ ಏಳಲಿಲ್ಲ. ಸಕ್ಕರೆ ಕಾಯಿಲೆ, ಬಿಪಿ ಯಾವುದೂ ಇದ್ದವರಲ್ಲ. ಮಣ್ಣಿಗೆ ಬಂದವರು "ದೇವರ ಚಿತ್ತ" ಅಂದರು. "ಒಳ್ಳೆಯವರನ್ನು ದೇವರು ಬೇಗ ಕರ್ಕೊಳ್ತಾನೆ" ಅಂದರು. "ಹಾಗಾದ್ರೆ ಉಳಿದಿರೋ ನಾವೆಲ್ಲ ಕೆಟ್ಟವರಾ?" ಅಂತ ಅಕ್ಕ ಒಬ್ಬರಿಗೆ ಕೇಳಿಯೇಬಿಟ್ಟಳು. ಆಮೇಲೆ ಚರ್ಚಿಗೆ, ಭಾನುವಾರದ ಪೂಜೆಗೆ ಹೋಗುವುದನ್ನೂ ನಿಲ್ಲಿಸಿದಳು. ಅಂಥವಳು ಒಂದು ದಿನ ತಾನಾಗಿಯೇ ವೇಲಾಂಕಣಿಗೆ ಹೋಗೋಣ ಅಂದಾಗ ನನಗೆ ಆಶ್ಚರ್ಯ. "ಹರಕೆ ಗಿರಕೆ ಏನಿಲ್ಲ. ಸುಮ್ನೆ ಹೋಗಿ ಬರೋಣ" ಅಂದಳು.

ನಾಗಪಟ್ಟಣದಿಂದ ದಕ್ಷಿಣಕ್ಕೆ ಹತ್ತು ಹನ್ನೆರಡು ಕಿಲೋಮೀಟರ್ ಹೋದರೆ ವೇಲಾಂಕಣಿ. ಊರು ಅಂದರೆ ಲಾಡ್ಜು, ಮೇಣದ ಬತ್ತಿ ಅಂಗಡಿ, ಮೀನು ಹುರಿಯುವ ವಾಸನೆ. ಬೋಳಿಸಿದ ತಲೆಗೆ ಗಂಧ ಹಚ್ಚಿಕೊಂಡ ಮಕ್ಕಳು, ಕಾವಿ ಸೀರೆ ಉಟ್ಟ ಹೆಂಗಸರು. ಹಣೆಗೆ ವಿಭೂತಿ ಇಟ್ಟವರೂ ಅವರ ನಡುವೆ ಬೇಕಾದಷ್ಟು ಜನ. ಇವೆಲ್ಲದರ ಮೇಲೆ ಬಿಳೀ ಚರ್ಚು ಎದ್ದು ನಿಂತಿದೆ. ಪೋಪ್ 23ನೇ ಜಾನ್ ಇದಕ್ಕೆ ಬೆಸಿಲಿಕಾ, ಅಂದರೆ ವಿಶೇಷ ಗೌರವದ ಚರ್ಚು ಅನ್ನುವ ಪದವಿ ಕೊಟ್ಟಿದ್ದು 1962ರಲ್ಲಿ.

ಈ ಜಾಗದ ಕಥೆ ಶುರುವಾಗುವುದೇ ಕಷ್ಟದಿಂದ. 17ನೇ ಶತಮಾನದಲ್ಲಿ ಮಕಾವಿನಿಂದ ಸಿಲೋನಿಗೆ ಹೊರಟ ಪೋರ್ಚುಗೀಸರ ಹಡಗೊಂದು ಬಿರುಗಾಳಿಗೆ ಸಿಕ್ಕಿತಂತೆ. ಬದುಕಿ ದಡ ಸೇರಿದರೆ ಯೇಸುವಿನ ತಾಯಿ ಮೇರಿ ಮಾತೆಗೆ ಗುಡಿ ಕಟ್ಟುತ್ತೇವೆ ಅಂತ ನಾವಿಕರು ಹರಕೆ ಹೊತ್ತರು. ದಡ ಸೇರಿದ್ದು ಇಲ್ಲಿ, ಸೆಪ್ಟೆಂಬರ್ 8ರಂದು. ಅವತ್ತು ಮಾತೆಯ ಹುಟ್ಟುಹಬ್ಬ. ಅದಕ್ಕೇ ಆಗಸ್ಟ್ 29ಕ್ಕೆ ಧ್ವಜ ಏರಿಸಿ ಸೆಪ್ಟೆಂಬರ್ 8ರ ತನಕ ಜಾತ್ರೆ. ಆ ನಾವಿಕರು ಆಮೇಲೆ ತಂದುಕೊಟ್ಟಿದ್ದು ಅನ್ನುವ ಪಿಂಗಾಣಿ ತಟ್ಟೆಗಳು ಇವತ್ತಿಗೂ ಪೀಠದಲ್ಲಿವೆ.

ಚರ್ಚಿನಿಂದ ಕಡಲಿಗೆ ಹೋಗುವ ದಾರಿಯುದ್ದಕ್ಕೂ ಅಂಗಡಿಗಳು. ಒಂದರ ಮುಂದೆ ಅಕ್ಕ ನಿಂತಳು. ಬೆಳ್ಳಿ ಬಣ್ಣದ ತೆಳ್ಳನೆ ತಗಡುಗಳನ್ನು ಅಲ್ಲಿ ರಾಶಿ ಹಾಕಿದ್ದರು. ಒಂದೊಂದರಲ್ಲೂ ಒಂದೊಂದು ಅಚ್ಚು. ಕಣ್ಣಿಗೆ ತೊಂದರೆ ಇದ್ದವರಿಗೆ ಕಣ್ಣು, ಮಂಡಿ ನೋವಿಗೆ ಕಾಲು, ಮಗು ಬೇಕಾದವರಿಗೆ ತೊಟ್ಟಿಲು, ಸೈಟು ತಗೊಂಡವರಿಗೆ ಮನೆ. ಅಕ್ಕ ಒಂದೊಂದಾಗಿ ಎತ್ತಿ ನೋಡಿದಳು. ಹೃದಯದ ಅಚ್ಚು ಸಿಕ್ಕಿತು. ಅದನ್ನು ತುಸು ಹೊತ್ತು ಹಿಡಿದುಕೊಂಡಿದ್ದು ವಾಪಸ್ ಇಟ್ಟಳು. "ಬೇಡಿಕೊಳ್ಳೋರಿಗೆ ಎಲ್ಲ ಇದೆ. ಬೇಡೋಕೆ ಏನೂ ಉಳಿದಿಲ್ಲದವರಿಗೆ ಯಾವುದು?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅಂಗಡಿಯ ಅಜ್ಜ ನಮ್ಮ ಮುಖ ನೋಡಿ ಸ್ಟೂಲು ಎಳೆದು ಕೊಟ್ಟರು.

ಬೆಂಗಳೂರಿನಲ್ಲಿ ಬೆಳೆದವರಿಗೆ ಒಂದಿಷ್ಟು ತಮಿಳು ಬಂದೇ ಬರುತ್ತೆ. ಮಾತು ಸುನಾಮಿಗೆ ಹೊರಳಿತು. ಇಲ್ಲಿ ಯಾರ ಜೊತೆ ಮಾತಿಗೆ ಕೂತರೂ ಅದು ಬರದೇ ಇರಲ್ಲ ಅನಿಸುತ್ತೆ.

2004ರ ಡಿಸೆಂಬರ್ 26, ಕ್ರಿಸ್ಮಸ್ ಮರುದಿನ, ಅದೂ ಭಾನುವಾರ. ಊರು ತುಂಬ ಯಾತ್ರಿಕರು. ಸುಮಾತ್ರಾ ಹತ್ತಿರ ಕಡಲ ತಳದಲ್ಲಿ ಭೂಕಂಪ ಆದಾಗ ನಮ್ಮಲ್ಲಿ ಬೆಳಗಿನ ಆರೂವರೆ. ಅಲೆ ಈ ದಂಡೆಗೆ ಬಂದಿದ್ದು ಒಂಬತ್ತರ ಸುಮಾರಿಗೆ. ನಡುವೆ ಎರಡು ಗಂಟೆಗೂ ಜಾಸ್ತಿ ಸಮಯ ಇತ್ತು, ಆದರೆ ಹೇಳುವವರು ಯಾರೂ ಇರಲಿಲ್ಲ. ಹಿಂದೂ ಮಹಾಸಾಗರಕ್ಕೆ ಮುನ್ಸೂಚನೆ ವ್ಯವಸ್ಥೆಯೇ ಆಗ ಇರಲಿಲ್ಲ. ಹೈದರಾಬಾದಿನಲ್ಲಿ ಆ ಕೇಂದ್ರ ಶುರುವಾಗಿದ್ದು 2007ರಲ್ಲಿ. ದೇವರ ಚಿತ್ತ ಅಂತ ಎಲ್ಲವನ್ನೂ ಅವನ ತಲೆಗೆ ಕಟ್ಟುವವರು ಇದನ್ನೂ ಸ್ವಲ್ಪ ನೆನಪಿಟ್ಟುಕೊಂಡರೆ ಒಳ್ಳೆಯದು. ನಾಗಪಟ್ಟಣ ಜಿಲ್ಲೆ ಒಂದರಲ್ಲೇ ಆರು ಸಾವಿರಕ್ಕೂ ಹೆಚ್ಚು ಜನ ಸತ್ತರು. ಇಲ್ಲಿ ದಂಡೆಯಲ್ಲಿದ್ದ ಯಾತ್ರಿಕರು, ಅಂಗಡಿಯವರು ನೂರಾರು ಮಂದಿ ಕೊಚ್ಚಿಹೋದರು.

ಚರ್ಚಿನೊಳಗೆ ಪೂಜೆಯಲ್ಲಿದ್ದವರು ಉಳಿದರು, ನೀರು ಒಳಗೆ ನುಗ್ಗಲಿಲ್ಲ, ಅದೇ ಪವಾಡ ಅಂತ ಇಲ್ಲಿ ತುಂಬ ಜನ ಹೇಳುತ್ತಾರೆ. ಉಳಿದವರು ಹಾಗೆ ನೆನೆದು ಕೈ ಮುಗಿದರೆ ನನ್ನ ತಕರಾರಿಲ್ಲ. ಆದರೆ ಅದನ್ನೇ ಲೆಕ್ಕವಾಗಿ ಹಿಡಿದರೆ ಕಷ್ಟ. 1755ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ಬೆಳಿಗ್ಗೆ, ಲಿಸ್ಬನ್‌ನಲ್ಲಿ ಭೂಕಂಪ ಆಯಿತು. ಈ ಕಥೆಯ ನಾವಿಕರ ದೇಶದ ರಾಜಧಾನಿ ಅದು. ಚರ್ಚುಗಳು ತುಂಬಿದ್ದವು. ಛಾವಣಿ ಬಿದ್ದು ಸತ್ತಿದ್ದು ಪೂಜೆಗೆ ಹೋದವರೇ. ಅಲ್ಲಿ ಒಳಗಿದ್ದವರು ಸತ್ತರು, ಇಲ್ಲಿ ಹೊರಗಿದ್ದವರು ಸತ್ತರು. ಯಾವ ಲೆಕ್ಕಕ್ಕೆ ಸರಿಹೋಗುತ್ತೆ ಹೇಳಿ?

ಯೇಸುವಿನ ಕಾಲದಲ್ಲೂ ಇಂಥ ಲೆಕ್ಕ ಹಾಕುವವರು ಇದ್ದರು. ಸಿಲೊವಾಮಿನಲ್ಲಿ ಬುರುಜು ಬಿದ್ದು 18 ಜನ ಸತ್ತರಲ್ಲ, ಅವರು ಉಳಿದವರಿಗಿಂತ ದೊಡ್ಡ ತಪ್ಪಿತಸ್ಥರು ಅಂದುಕೊಂಡಿರಾ ಅಂತ ಆತ ಕೇಳಿದ್ದು ಬೈಬಲ್‌ನಲ್ಲಿ ಲೂಕನ ಸುವಾರ್ತೆಯ 13ನೇ ಅಧ್ಯಾಯದಲ್ಲಿದೆ. ಇಲ್ಲ ಅಂದ, ನೀವು ನಿಮ್ಮ ಬದುಕು ನೋಡಿಕೊಳ್ಳಿ ಅನ್ನುವ ಹಾಗೆ ಎಚ್ಚರಿಸಿದ. ಬುರುಜು ಯಾಕೆ ಬಿತ್ತು ಅಂತ ಮಾತ್ರ ಹೇಳಲಿಲ್ಲ. ಮೊದಲು ನನಗೆ ಅದು ಅರ್ಧ ಉತ್ತರ ಅನಿಸುತ್ತಿತ್ತು. ಆ ದಂಡೆಯ ಮೇಲೆ ನಿಂತಾಗ, ಪೂರ್ತಿ ಉತ್ತರ ಕೊಡುವವರಿಗಿಂತ ಈತನನ್ನು ನಂಬಬಹುದು ಅನಿಸಿತು.

ಅಂಗಡಿಯ ಅಜ್ಜ ಅವತ್ತು ತಮ್ಮನನ್ನೂ ತಮ್ಮನ ಮಗಳನ್ನೂ ಕಳೆದುಕೊಂಡವರು. ಇಲ್ಲಿರುವ ಸುನಾಮಿ ಸ್ಮಾರಕದ ಹತ್ತಿರ ವರ್ಷವರ್ಷ ಡಿಸೆಂಬರ್ 26ಕ್ಕೆ ಪ್ರಾರ್ಥನೆ ಇರುತ್ತೆ. ಅಜ್ಜ ತಪ್ಪಿಸುವುದಿಲ್ಲವಂತೆ. ಅಕ್ಕ ನೇರವಾಗಿ ಕೇಳಿದಳು, "ದೇವರ ಮೇಲೆ ಕೋಪ ಬರಲ್ವಾ ತಾತ?"

"ಬರುತ್ತೆ ತಾಯಿ. ಬಂದಾಗ ಒಳಗೆ ಹೋಗಿ ಬೈದು ಬರ್ತೀನಿ. ಬೇರೆ ಎಲ್ಲಿ ಹೋಗಿ ಬೈಯಲಿ?" ಅಂದರು. ಅಷ್ಟರಲ್ಲಿ ಗಿರಾಕಿ ಬಂದರು, ಎದ್ದು ಹೋದರು.

ಸಂಜೆ ಮರಳಿನ ದಾರಿಯಲ್ಲಿ ಹರಕೆಯವರು ಮಂಡಿಯೂರಿ ಹೋಗುತ್ತಿದ್ದರು. ಗಂಡಸೊಬ್ಬ ಕಾಲು ಬಾರದ ಮಗಳನ್ನು ಬೆನ್ನಿಗೆ ಹಾಕಿಕೊಂಡೇ ತೆವಳುತ್ತಿದ್ದ. ಬೆವರಿಗೆ ಮರಳು ಮೆತ್ತಿಕೊಂಡು ಅವನ ಮೊಣಕೈ ಕೂಡ ಕೆಂಪಾಗಿತ್ತು. ನನಗೆ ನೋಡಲಾಗಲಿಲ್ಲ. ಇಂಥದ್ದನ್ನು ದೇವರು ಕೇಳುತ್ತಾನೆ ಅಂತ ನಾನು ನಂಬುವುದಿಲ್ಲ. ಆ ಅಪ್ಪನಿಗೆ ಅದನ್ನು ಹೇಳುವ ಯೋಗ್ಯತೆ ನನಗಿದೆ ಅಂತಲೂ ಅಲ್ಲ.

ಪೂಜೆಗೆ ಅಕ್ಕ ಒಳಗೆ ಬಂದಳು, ಕೊನೆಯ ಸಾಲಿನಲ್ಲಿ ಕೂತಳು. ಮುಗಿದ ಮೇಲೂ ಏಳಲಿಲ್ಲ. ಬೈಬಲ್‌ನಲ್ಲಿ 88ನೇ ಕೀರ್ತನೆ ತೆಗೆದು ನನಗೆ ತೋರಿಸಿದಳು. ಗೋಳಿನ ಕೀರ್ತನೆಗಳು ಎಷ್ಟೋ ಇವೆ. ಹೆಚ್ಚಿನವು ಕೊನೆಗೆ ಹೇಗೋ ಸ್ತುತಿಗೆ ತಿರುಗುತ್ತವೆ. ಇದು ತಿರುಗುವುದಿಲ್ಲ. ಕತ್ತಲಿನ ಮಾತಲ್ಲೇ ನಿಂತುಹೋಗುತ್ತೆ. "ನೋಡು, ಇದನ್ನೂ ತೆಗೆದುಹಾಕದೆ ಇಟ್ಟಿದ್ದಾರೆ" ಅಂದಳು. ಆಮೇಲೆ ಮುಂದೆ ಹೋದಳು. ತುಂಬ ಹೊತ್ತು ತುಟಿ ಅಲ್ಲಾಡುತ್ತಿತ್ತು. ಏನು ಹೇಳಿದಳೋ ನಾನು ಕೇಳಲಿಲ್ಲ. ಮುಖ ನೋಡಿದರೆ ಜಪಮಾಲೆ ಅಂತೂ ಅಲ್ಲ.

ಮರುದಿನ ನಾಗೂರು ದರ್ಗಾ ನೋಡಿಕೊಂಡು ಬೆಂಗಳೂರಿಗೆ ವಾಪಸ್ ಅಂತ ನಮ್ಮ ಯೋಜನೆ. ಈ ಕಡೆ ಬಂದವರಲ್ಲಿ ತುಂಬ ಜನ ಎರಡನ್ನೂ ನೋಡಿಯೇ ಹೋಗುತ್ತಾರೆ. ಲಾಡ್ಜಿನಲ್ಲಿ ಬಿಲ್ಲು ಕೊಡುವಾಗ ಅಕ್ಕ ಡಿಸೆಂಬರ್ 26ಕ್ಕೆ ರೂಮು ಸಿಗುತ್ತಾ ಅಂತ ವಿಚಾರಿಸಿದಳು. ಕ್ರಿಸ್ಮಸ್ ಸಮಯ ಜಾಸ್ತಿ ರಶ್ಶು, ಈಗಲೇ ಅಡ್ವಾನ್ಸ್ ಕೊಟ್ಟರೆ ಒಳ್ಳೆಯದು ಅಂದರು. ಕೊಟ್ಟಳು. "ಇಬ್ಬರಿಗೆ ಬರ್ಕೊಳ್ಳಿ" ಅಂದಳು, ನನ್ನನ್ನು ಒಂದು ಮಾತೂ ಕೇಳದೆ.