ಸ್ಯಾಟರ್ಥ್‌ವೇಟ್: ಒಂದೇ ಹಳ್ಳಿಯಿಂದ ಹೊರಟ ಹೆಸರು

ಎರಡು ತೋಟಗಳ ಕಾಫಿ ಇಳುವರಿಯನ್ನು ಹೋಲಿಸಿ ಅವುಗಳ ಸರಾಸರಿಯಲ್ಲಿ ನಿಜವಾದ ವ್ಯತ್ಯಾಸವಿದೆಯೇ ಎಂದು ಪರೀಕ್ಷಿಸಬೇಕಾಗಿದ್ದು, ಒಂದು ತೋಟದ ಗಿಡಗಳಲ್ಲಿ ಇಳುವರಿ ತೀರಾ ಏರುಪೇರಾಗಿಯೂ ಇನ್ನೊಂದರಲ್ಲಿ ಬಹುಮಟ್ಟಿಗೆ ಸಮನಾಗಿಯೂ ಇದ್ದರೆ, ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗಳು ವೆಲ್ಚ್–ಸ್ಯಾಟರ್ಥ್‌ವೇಟ್ ಸೂತ್ರದಿಂದ ಡಿಗ್ರೀಸ್ ಆಫ್ ಫ್ರೀಡಂ, ಅಂದರೆ ಅಂಕಿಗಳಲ್ಲಿ ಎಷ್ಟು ಸ್ವತಂತ್ರ ಮಾಹಿತಿಯಿದೆ ಎಂಬುದನ್ನು ಲೆಕ್ಕ ಹಾಕುತ್ತಾರೆ. ಮಡಿಕೇರಿಯಲ್ಲಿ ಈ ಪಾಠ ಮಾಡುವ ನನಗೆ ತಿಳಿದಿರುವಂತೆ, ತರಗತಿಯಲ್ಲಿ ಸೂತ್ರಕ್ಕಿಂತ ಅದರ ಎರಡನೆಯ ಹೆಸರೇ ಹೆಚ್ಚು ತೊಡಕು ಕೊಡುತ್ತದೆ. ಆ ಹೆಸರಿನ ಫ್ರಾಂಕ್ಲಿನ್ ಸ್ಯಾಟರ್ಥ್‌ವೇಟ್ ಅಮೆರಿಕದವರು. ಅವರ ಲೇಖನ ಪ್ರಕಟವಾದದ್ದು 1946ರಲ್ಲಿ. ಮೂರು ಅಥವಾ ಹೆಚ್ಚು ಅಭ್ಯರ್ಥಿಗಳಿರುವಾಗ, ಒಬ್ಬನ ಇಚ್ಛೆಯೇ ನಡೆಯುವ ಪದ್ಧತಿಯನ್ನು ಬಿಟ್ಟರೆ, ಮತದಾನದ ಯಾವ ಪದ್ಧತಿಯೂ ಮತದಾರರ ಜಾಣ ಸುಳ್ಳಿನಿಂದ ಸಂಪೂರ್ಣವಾಗಿ ಪಾರಾಗಲಾರದು ಎಂದು ಸಾಧಿಸುವ ಪ್ರಮೇಯಕ್ಕೆ ಗಿಬ್ಬಾರ್ಡ್ ಅವರ ಜೊತೆಗೆ ಹೆಸರು ಕೊಟ್ಟ ಅರ್ಥಶಾಸ್ತ್ರಜ್ಞ ಮಾರ್ಕ್ ಸ್ಯಾಟರ್ಥ್‌ವೇಟ್ ಕೂಡ ಅಮೆರಿಕದವರೇ, ಮಾಯಾ ನಾಗರಿಕತೆಯ ನಗರಗಳನ್ನು ಉತ್ಖನನ ಮಾಡಿದ ಲಿಂಟನ್ ಸ್ಯಾಟರ್ಥ್‌ವೇಟ್ ಕೂಡ. ಹೆಸರು ಮಾತ್ರ ಅಮೆರಿಕದ್ದಲ್ಲ. ಅದು ಇಂಗ್ಲೆಂಡಿನ ವಾಯವ್ಯ ಮೂಲೆಯಲ್ಲಿರುವ, ಇಂದಿಗೂ ಕೆಲವೇ ನೂರು ಜನ ವಾಸಿಸುವ ಒಂದು ಹಳ್ಳಿಯ ಹೆಸರು.

ಆ ಹಳ್ಳಿ ಇರುವುದು ವಿಂಡರ್‌ಮಿಯರ್ ಮತ್ತು ಕಾನಿಸ್ಟನ್ ಎಂಬ ಎರಡು ಸರೋವರಗಳ ನಡುವಣ ಬೆಟ್ಟಗಾಡಿನಲ್ಲಿ, ಗ್ರೈಸ್‌ಡೇಲ್ ಕಾಡಿನ ಮಗ್ಗುಲಲ್ಲಿ. 1974ರವರೆಗೆ ಲ್ಯಾಂಕಶೈರ್ ಕೌಂಟಿಗೆ ಸೇರಿದ್ದ ಆ ಪ್ರದೇಶ ಅನಂತರ ಕಂಬ್ರಿಯಾಕ್ಕೆ ಸೇರಿತು. ಹತ್ತನೆಯ ಶತಮಾನದ ಸುಮಾರಿಗೆ ಐರ್ಲೆಂಡ್ ಮತ್ತು ಐಲ್ ಆಫ್ ಮ್ಯಾನ್ ಕಡೆಯಿಂದ ಬಂದು ಅಲ್ಲಿ ನೆಲೆಸಿದ ನಾರ್ವೆ ಮೂಲದ ಜನ ತಮ್ಮ ಮಾತಿನಲ್ಲೇ ಬೆಟ್ಟ, ತೊರೆ, ಗದ್ದೆಗಳಿಗೆಲ್ಲ ಹೆಸರಿಟ್ಟರು. ಅವರ ಮಾತಿನಲ್ಲಿ ‘ಸೇಟರ್’ ಎಂದರೆ ಬೇಸಗೆಯಲ್ಲಿ ದನಕುರಿಗಳನ್ನು ಹೊಡೆದುಕೊಂಡು ಹೋಗಿ ಬಿಡಾರ ಹೂಡುವ ಮೇಲಿನ ಹುಲ್ಲುಗಾವಲು, ‘ಥ್ವೇಟ್’ ಎಂದರೆ ಕಾಡು ಕಡಿದು ಬಯಲು ಮಾಡಿಕೊಂಡ ತುಂಡು ನೆಲ. ಬಿಡಾರದ ಹತ್ತಿರದ ಬಯಲು ಎಂಬುದು ಊರಿನ ಹೆಸರಾಯಿತು, ಊರಿನ ಹೆಸರು ಮನೆತನದ್ದಾಯಿತು. ನಾರ್ವೆಯಲ್ಲಿ ಇವತ್ತಿಗೂ ತ್ವೈಟ್ ಎಂಬ ಊರುಗಳೂ ಕುಲನಾಮವೂ ಇವೆ. ಇದೇ ಬೆಟ್ಟಸೀಮೆಯ ಸೀಥ್‌ವೇಟ್ ಎಂಬ ಇನ್ನೊಂದು ಹಳ್ಳಿ ಇಂಗ್ಲೆಂಡಿನಲ್ಲಿ ಜನವಸತಿಯಿರುವ ಸ್ಥಳಗಳಲ್ಲಿ ಅತಿ ಹೆಚ್ಚು ಮಳೆ ಬೀಳುವುದೆಂದು ಹೆಸರಾಗಿದೆ. ಅಲ್ಲಿಯ ವಾರ್ಷಿಕ ಮಳೆ ಮಡಿಕೇರಿಯಂತೆಯೇ ಮೂರು ಸಾವಿರ ಮಿಲಿಮೀಟರ್ ದಾಟುತ್ತದೆ. ಅಂತಹ ಮಳೆಯ ನಾಡಿನಲ್ಲಿ ಕಾಡು ಕಡಿದ ಜಾಗವನ್ನು ಮತ್ತೆ ಕಾಡು ನುಂಗದಂತೆ ಉಳಿಸಿಕೊಳ್ಳುವುದಕ್ಕೆ ಎಷ್ಟು ದುಡಿಯಬೇಕೆಂಬುದು ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾದ ಸಂಗತಿಯಲ್ಲ.

ಊರಿನ ಹೆಸರು ಮನುಷ್ಯನಿಗೆ ಅಂಟುವ ಕ್ರಮ ಮೇಲುನೋಟಕ್ಕೆ ವಿಚಿತ್ರವಾಗಿದೆ. ಸ್ಯಾಟರ್ಥ್‌ವೇಟಿನಲ್ಲೇ ಇರುವವನನ್ನು ಸ್ಯಾಟರ್ಥ್‌ವೇಟಿನವನೆಂದು ಕರೆದರೆ ಏನೂ ಗುರುತು ಹತ್ತುವುದಿಲ್ಲ, ಏಕೆಂದರೆ ಅಲ್ಲಿರುವವರೆಲ್ಲರೂ ಅಲ್ಲಿಯವರೇ. ಅವನು ಊರು ಬಿಟ್ಟು ಪಕ್ಕದ ಹಾಕ್ಸ್‌ಹೆಡ್ ಪೇಟೆಗೋ ಇನ್ನೂ ದೂರದ ಲ್ಯಾಂಕಾಸ್ಟರ್‌ಗೋ ಹೋಗಿ ನೆಲೆಸಿದಾಗ, ಅಲ್ಲಿ ಮೊದಲೇ ಇದ್ದ ನಾಲ್ಕಾರು ಜಾನ್‌ಗಳಿಂದ ಅವನನ್ನು ಬೇರ್ಪಡಿಸಲು ಅಲ್ಲಿಯ ಜನ ಅವನ ಊರನ್ನು ಹಿಡಿದು ಕರೆಯುತ್ತಾರೆ. ಆದ್ದರಿಂದ ಇಂಗ್ಲಿಷರ ಊರಿನ ಕುಲನಾಮಗಳಲ್ಲಿ ಹೆಚ್ಚಿನವು ಊರು ಬಿಟ್ಟವರ ಹೆಸರುಗಳು. ಇದಕ್ಕೆ ಹೊರತಾದವರು ಜಮೀನುದಾರರು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ದೊಡ್ಡ ಹಿಡುವಳಿಯವರು ತಮ್ಮ ಆಸ್ತಿಯ ಹೆಸರನ್ನೇ ವಂಶದ ಹೆಸರಾಗಿಸಿಕೊಂಡರು. ಸಾಮಾನ್ಯರಲ್ಲಿ ಅಪ್ಪನಿಂದ ಮಗನಿಗೆ ಇಳಿಯುವ ಹೆಸರು ನೆಲೆಗೊಂಡದ್ದು ಬಹುಪಾಲು ಹದಿಮೂರು ಮತ್ತು ಹದಿನಾಲ್ಕನೆಯ ಶತಮಾನಗಳಲ್ಲಿ, ಉತ್ತರದ ಕೌಂಟಿಗಳಲ್ಲಿ ಅದಕ್ಕಿಂತ ಸ್ವಲ್ಪ ತಡವಾಗಿ. ತಲೆಗಂದಾಯದ ಪಟ್ಟಿಗಳೂ, ಪ್ರತಿಯೊಂದು ಚರ್ಚಿನಲ್ಲಿ ಜ್ಞಾನಸ್ನಾನ, ಮದುವೆ ಮತ್ತು ಸಾವುಗಳನ್ನು ಬರೆದಿಡಬೇಕೆಂದು 1538ರಲ್ಲಿ ಹೊರಟ ಆಜ್ಞೆಯೂ ಆ ಹೆಸರುಗಳನ್ನು ಕಾಗದದ ಮೇಲೆ ಗಟ್ಟಿಗೊಳಿಸಿದವು. ಸ್ಯಾಟರ್ಥ್‌ವೇಟ್ ಸೇರಿದ್ದ ಹಾಕ್ಸ್‌ಹೆಡ್ ಚರ್ಚಿನ ಉಳಿದಿರುವ ದಾಖಲೆ 1568ರಿಂದ ಆರಂಭವಾಗುತ್ತದೆ.

ಕೊಡಗಿನಲ್ಲಿ ಪೂರ್ವಜನಿಂದ ಬಂದ ಹೆಸರು, ನೆಲದಿಂದ ಬಂದ ಹೆಸರು ಎಂಬ ಎರಡು ಕ್ರಮಗಳೂ ಅಕ್ಕಪಕ್ಕದಲ್ಲೇ ಇವೆ. ಕೊಡವರ ಒಕ್ಕದ, ಅಂದರೆ ಮನೆತನದ, ಹೆಸರುಗಳಲ್ಲಿ ಬಹಳಷ್ಟು, ಮಂಡೇಪಂಡ, ಪಾಂಡಂಡ, ಚೆಪ್ಪುಡೀರ ಎಂಬಂತೆ ‘ಇಂಥವರ ಮನೆಯವರು’ ಎಂಬ ಅರ್ಥದ ಪ್ರತ್ಯಯವನ್ನು ಹೊತ್ತಿದ್ದು, ನೆಲಕ್ಕಿಂತ ಹೆಚ್ಚಾಗಿ ಮೂಲಪುರುಷನ ಕಡೆಗೆ ಕೈತೋರುತ್ತವೆ. ಅರೆಭಾಷೆ ಗೌಡರಾದ ನಮ್ಮಲ್ಲಿ ಮನೆತನದ ಹೆಸರು ಹಲವೆಡೆ ನೆಲದಿಂದಲೇ ಬಂದಿದೆ. ಕಂಪನಿ ಸರ್ಕಾರದ ವಿರುದ್ಧ ದಂಗೆಯೆದ್ದು 1837ರಲ್ಲಿ ಮಡಿಕೇರಿಯಲ್ಲಿ ನೇಣಿಗೇರಿದ ಗುಡ್ಡೆಮನೆ ಅಪ್ಪಯ್ಯ ಗೌಡರ ಮನೆತನದ ಹೆಸರಿನಲ್ಲಿ ಗುಡ್ಡವೂ ಇದೆ, ಮನೆಯೂ ಇದೆ. ಇಂಗ್ಲಿಷರಲ್ಲಿ ಹಿಲ್ ಎಂಬ ಕುಲನಾಮ ಹುಟ್ಟಿದ ಬಗೆಯೂ ಹೀಗೆಯೇ. ಕೊಡಗಿನ ಹೆಸರುಗಳಲ್ಲಿ ನನಗೆ ಇಷ್ಟವಾಗುವ ಇನ್ನೊಂದು ಗುಣವೆಂದರೆ ಮನೆತನ ಮೊದಲು ಬಂದು ವ್ಯಕ್ತಿ ಆಮೇಲೆ ಬರುವುದು. ಕೊಡಂದೇರ ಮಾದಪ್ಪ ಕಾರ್ಯಪ್ಪ ಎಂದರೆ ಒಕ್ಕ, ಅಪ್ಪ, ಮಗ ಎಂಬ ಅನುಕ್ರಮ ತಾನಾಗಿಯೇ ತಿಳಿಯುತ್ತದೆ.

ಇನ್ನು ವಿರಳತೆಯ ವಿಚಾರ. ಥ್ವೇಟ್ ಎಂದು ಕೊನೆಗೊಳ್ಳುವ ಕುಲನಾಮಗಳು ಅನೇಕ: ಬ್ರೇತ್‌ವೇಟ್, ಪೋಸಲ್‌ಥ್‌ವೇಟ್, ಹೆಬಲ್‌ಥ್‌ವೇಟ್, ಥಿಸಲ್‌ಥ್‌ವೇಟ್, ಮಿಕಲ್‌ಥ್‌ವೇಟ್. ಇವುಗಳಲ್ಲಿ ಬ್ರೇತ್‌ವೇಟ್ ಮಾತ್ರ ಹೇರಳವಾಗಿದ್ದು, ಕಾರಣ ಸರಳವಾಗಿದೆ. ಅಗಲವಾದ ಬಯಲು ಎಂಬ ಅರ್ಥದ ಆ ಹೆಸರಿನ ಊರುಗಳು ಉತ್ತರ ಇಂಗ್ಲೆಂಡಿನಲ್ಲಿ ಹಲವಿವೆ, ಹೀಗಾಗಿ ಒಂದಕ್ಕೊಂದು ಸಂಬಂಧವಿಲ್ಲದ ಹಲವು ಮನೆತನಗಳು ಅದೇ ಹೆಸರನ್ನು ಪಡೆದವು. ಸ್ಯಾಟರ್ಥ್‌ವೇಟ್‌ಗೆ ಇರುವುದು ಒಂದೇ ಊರು, ಅದೂ ಸಣ್ಣದು. ಪೋಸಲ್‌ಥ್‌ವೇಟ್‌ನ ಸ್ಥಿತಿ ಇನ್ನೂ ವಿಚಿತ್ರ: ಮಿಲ್ಲಮ್ ಬಳಿ ಇದ್ದ ಆ ಜಾಗ ಈಗ ಊರಾಗಿ ಉಳಿದಿಲ್ಲ, ಅದರ ಹೆಸರು ಮಾತ್ರ ನಟ ಪೀಟ್ ಪೋಸಲ್‌ಥ್‌ವೇಟ್ ಅಂಥವರಲ್ಲಿ ಉಳಿಯಿತು.

ಆದರೆ ಊರು ಒಂದೇ ಎಂಬುದು ಅರ್ಧ ಕಾರಣ. ಉಳಿದರ್ಧ ನನ್ನ ವಿಷಯಕ್ಕೇ ಸೇರಿದ್ದು. ಇಂಗ್ಲೆಂಡಿನ ಪ್ರತಿಷ್ಠಿತ ಕುಲನಾಮಗಳು ಏಕೆ ಒಂದೊಂದಾಗಿ ಅಳಿಯುತ್ತಿವೆ ಎಂಬ ಕುತೂಹಲದಿಂದ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ 1873ರಲ್ಲಿ ಒಂದು ಲೆಕ್ಕವನ್ನು ಪತ್ರಿಕೆಯಲ್ಲಿ ಸಮಸ್ಯೆಯಾಗಿ ಮುಂದಿಟ್ಟರು. ಪಾದ್ರಿಯೂ ಗಣಿತಜ್ಞರೂ ಆಗಿದ್ದ ಹೆನ್ರಿ ವಿಲಿಯಂ ವಾಟ್ಸನ್ ಅದನ್ನು ಬಿಡಿಸಲು ಹೊರಟು, ಎಲ್ಲ ಕುಲನಾಮಗಳೂ ಕೊನೆಗೆ ಅಳಿದೇ ಹೋಗುತ್ತವೆ ಎಂಬ ತೀರ್ಮಾನಕ್ಕೆ ಬಂದರು. ಗಂಡುಮಕ್ಕಳ ಸರಾಸರಿ ಒಂದಕ್ಕಿಂತ ಹೆಚ್ಚಿದ್ದರೆ ಹೆಸರು ಉಳಿಯಲೂಬಹುದು ಎಂಬ ಇನ್ನೊಂದು ಉತ್ತರವೂ ಸಮೀಕರಣಕ್ಕೆ ಇದ್ದುದು ಅವರ ಕಣ್ಣಿಗೆ ಬೀಳಲಿಲ್ಲ. ಇದನ್ನು ಗಾಲ್ಟನ್–ವಾಟ್ಸನ್ ಪ್ರಕ್ರಿಯೆ ಎಂದು ನಾವು ಇಂದಿಗೂ ಕಲಿಸುತ್ತೇವೆ, ಎರಡನೆಯ ಉತ್ತರವನ್ನೂ ಸೇರಿಸಿ.

ಲೆಕ್ಕ ಹೀಗಿದೆ. ಪ್ರತಿಯೊಬ್ಬ ಗಂಡಸಿಗೂ ಸರಾಸರಿ ಒಬ್ಬ ಗಂಡುಮಗ, ಆದರೆ ಒಬ್ಬನಿಗೆ ಮೂವರು, ಇನ್ನೊಬ್ಬನಿಗೆ ಯಾರೂ ಇಲ್ಲ ಎಂಬಂತೆ, ಇಂತಹ ಎಣಿಕೆಗಳ ಆಕಸ್ಮಿಕ ಹಂಚಿಕೆಯನ್ನು ವಿವರಿಸುವ ಪ್ವಾಸಾನ್ ನಿಯಮದ ಪ್ರಕಾರ ಏರುಪೇರಾಗುತ್ತದೆ ಎಂದಿಟ್ಟುಕೊಳ್ಳೋಣ. ಒಬ್ಬೊಬ್ಬ ಮೂಲಪುರುಷನಿಂದ ಶುರುವಾದ ನೂರು ಹೆಸರುಗಳಲ್ಲಿ ಸುಮಾರು 37 ಮೊದಲ ತಲೆಮಾರಿನಲ್ಲೇ ಮುಗಿಯುತ್ತವೆ, ಐದನೆಯ ತಲೆಮಾರಿನ ಹೊತ್ತಿಗೆ 73, ಹತ್ತನೆಯದರ ಹೊತ್ತಿಗೆ 84. ಯಾರ ತಪ್ಪೂ ಇಲ್ಲದೆ, ಯುದ್ಧ ಕಾಯಿಲೆಗಳ ಮಾತೇ ಇಲ್ಲದೆ, ಬರೀ ಹೆಣ್ಣು ಗಂಡಿನ ಏರುಪೇರಿನಿಂದಲೇ ಇಷ್ಟು. ಜನಸಂಖ್ಯೆ ಬೆಳೆಯುತ್ತಿದ್ದು ಸರಾಸರಿ ಗಂಡುಮಕ್ಕಳು 1.2 ಆದರೂ ಒಬ್ಬ ಮೂಲಪುರುಷನ ಹೆಸರು ಎಂದಾದರೊಮ್ಮೆ ಅಳಿಯುವ ಸಂಭವನೀಯತೆ ಶೇಕಡ 69ರಷ್ಟಿದೆ. ಅದೇ ಹೆಸರು ಐದು ಬೇರೆ ಬೇರೆ ಊರುಗಳಲ್ಲಿ ಐವರಿಂದ ಆರಂಭವಾಗಿದ್ದರೆ ಅದು ಶೇಕಡ 15ಕ್ಕೆ ಇಳಿಯುತ್ತದೆ. ಬ್ರೇತ್‌ವೇಟ್ ಮತ್ತು ಸ್ಯಾಟರ್ಥ್‌ವೇಟ್‌ಗಳ ನಡುವಿನ ಅಂತರ ಬಹುಮಟ್ಟಿಗೆ ಇಷ್ಟೇ ಎಂದು ನನ್ನ ಅಭಿಪ್ರಾಯ. ಇದರ ಮೇಲೆ 1348–49ರ ಮಹಾಮಾರಿ ಇಂಗ್ಲೆಂಡಿನ ಮೂರನೆಯ ಒಂದರಿಂದ ಅರ್ಧದಷ್ಟು ಜನರನ್ನು ಒಯ್ದದ್ದನ್ನು ಸೇರಿಸಿದರೆ, ಆಗತಾನೇ ಬೇರೂರುತ್ತಿದ್ದ ಹಳ್ಳಿಹೆಸರುಗಳಲ್ಲಿ ಎಷ್ಟೋ ಹೆಸರುಗಳು ಒಂದು ಪಟ್ಟಿಯಲ್ಲೂ ದಾಖಲಾಗದೆ ಹೋಗಿರುವುದು ಸಹಜ. ಸ್ಯಾಟರ್ಥ್‌ವೇಟ್ ವಿರಳವಾಗಿರುವುದಕ್ಕಿಂತ ಉಳಿದಿರುವುದೇ ಹೆಚ್ಚು ಗಮನಿಸಬೇಕಾದದ್ದು.

ಹಡಗು ಹತ್ತಿದ ಹೆಸರುಗಳ ಕಥೆ ಬೇರೆ. ಮಡಿಕೇರಿ ಇಂಗ್ಲಿಷರ ಕಿವಿಯಲ್ಲಿ ಮರ್ಕರಾ ಆದಂತೆ, ಸ್ಯಾಟರ್ಥ್‌ವೇಟ್ ಅಮೆರಿಕದ ಗುಮಾಸ್ತರ ಕೈಯಲ್ಲಿ ಸ್ಯಾಟರ್‌ವೈಟ್ ಆಯಿತು, ಅಲ್ಲಿಂದ ಮುಂದೆ ಅದು ಬೇರೆಯೇ ಕುಲನಾಮವಾಗಿ ಬೆಳೆಯಿತು. ಬ್ರೇತ್‌ವೇಟ್ ಬಾರ್ಬಡೋಸ್ ದ್ವೀಪದ ಕಬ್ಬಿನ ತೋಟಗಳಿಗೆ ಹೋಗಿ ಒಂದು ಅಕ್ಷರ ಕಳೆದುಕೊಂಡು ಬ್ರಾತ್‌ವೇಟ್ ಆಯಿತು. ಕೊಡಗು ಕಂಪನಿಯ ವಶವಾದ 1834ರಲ್ಲೇ ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿ ರದ್ದಾಗಿ, 1838ರಲ್ಲಿ ಅದರ ಕೊನೆಯ ಕಟ್ಟುಗಳೂ ಬಿದ್ದುಹೋದ ಮೇಲೆ, ಅಲ್ಲಿಯವರೆಗೆ ದಾಖಲೆಗಳಲ್ಲಿ ಒಂಟಿ ಹೆಸರಿನಿಂದಿದ್ದ ಆಫ್ರಿಕಾ ಮೂಲದ ಜನ ಕುಲನಾಮಗಳನ್ನು ಬರೆಸಿಕೊಳ್ಳತೊಡಗಿದರು, ಅನೇಕರದು ತೋಟದ ಧಣಿಗಳ ಹೆಸರೇ. 2016ರ ವಿಶ್ವ ಟಿ20 ಫೈನಲ್‌ನ ಕೊನೆಯ ಓವರಿನಲ್ಲಿ ಕೋಲ್ಕತ್ತಾದ ಈಡನ್ ಗಾರ್ಡನ್ಸ್‌ನಲ್ಲಿ ಬೆನ್ ಸ್ಟೋಕ್ಸ್ ಅವರ ನಾಲ್ಕು ಎಸೆತಗಳನ್ನು ಸತತವಾಗಿ ಸಿಕ್ಸರಿಗೆ ಅಟ್ಟಿದ ಕಾರ್ಲೋಸ್ ಬ್ರಾತ್‌ವೇಟ್ ಬಾರ್ಬಡೋಸಿನವರು. ಈ ಹೆಸರನ್ನು ನೆನಪಿಟ್ಟುಕೊಳ್ಳಿ ಎಂದು ವೀಕ್ಷಕ ವಿವರಣೆಕಾರ ಇಯಾನ್ ಬಿಷಪ್ ಕೂಗಿದ್ದು ನಾರ್ವೆಯವರು ಕಂಬ್ರಿಯಾದ ಬೆಟ್ಟದಲ್ಲಿ ಬಿಟ್ಟುಹೋದ ಹೆಸರನ್ನು. ಹೆಸರು ಹೇರಳವಾಗುವುದೆಂದರೆ ವಂಶ ಬೆಳೆಯುವುದೆಂದೇ ಅರ್ಥವಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಹೊಳೆಯುವುದಿಲ್ಲ.

ವಿರಳವಾದ ಹೆಸರುಗಳಲ್ಲಿ ಮಾತ್ರ ಹೆಸರಿಗೂ ರಕ್ತಕ್ಕೂ ನಂಟು ಗಟ್ಟಿಯಾಗಿರುತ್ತದೆ. ಅಪ್ಪನಿಂದ ಮಗನಿಗೇ ಇಳಿಯುವ ವೈ ಕ್ರೋಮೋಸೋಮನ್ನು ಹಿಡಿದು ತಳಿವಿಜ್ಞಾನಿ ಬ್ರಯನ್ ಸೈಕ್ಸ್ ತಮ್ಮದೇ ಕುಲನಾಮದ ಗಂಡಸರನ್ನು ಪರೀಕ್ಷಿಸಿ 2000ದಲ್ಲಿ ಫಲಿತಾಂಶ ಪ್ರಕಟಿಸಿದಾಗ, ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರದು ಒಂದೇ ಬಗೆಯದಾಗಿತ್ತು. ಸಣ್ಣ ತೊರೆ ಎಂಬ ಅರ್ಥದ ಆ ಹೆಸರು ಹತ್ತಾರು ಕಡೆ ಹುಟ್ಟಿರಬಹುದೆಂದು ಅಲ್ಲಿಯವರೆಗೆ ನಂಬಲಾಗಿತ್ತು. 2009ರಲ್ಲಿ ಟೂರಿ ಕಿಂಗ್ ಮತ್ತು ಮಾರ್ಕ್ ಜಾಬ್ಲಿಂಗ್ ನಲವತ್ತು ಕುಲನಾಮಗಳನ್ನು ಪರೀಕ್ಷಿಸಿ, ಹೆಸರು ವಿರಳವಾದಷ್ಟೂ ಅದನ್ನು ಹೊತ್ತವರು ಒಂದೇ ಮೂಲದವರಾಗಿರುವ ಸಾಧ್ಯತೆ ಹೆಚ್ಚು ಎಂದು ತೋರಿಸಿದರು. ಕಮ್ಮಾರ ಎಂಬ ಅರ್ಥದ ಸ್ಮಿತ್ ಹೆಸರಿನವರಲ್ಲಿ ಅಂತಹ ನಂಟೇನೂ ಕಾಣಲಿಲ್ಲ, ಕಮ್ಮಾರರಿಲ್ಲದ ಊರೆಲ್ಲಿತ್ತು?

ಗಾಲ್ಟನ್ನರ ಲೆಕ್ಕದಲ್ಲಿ ಹೆಸರು ಗಂಡುಮಕ್ಕಳ ಮೂಲಕ ಮಾತ್ರ ಸಾಗುತ್ತದೆ. ಇಂಗ್ಲೆಂಡಿನಲ್ಲಿ ಆಸ್ತಿಯಿದ್ದವರು ಇದನ್ನು ದಾಟಲು ಉಯಿಲಿನಲ್ಲಿ ಷರತ್ತು ಬರೆಯುತ್ತಿದ್ದರು: ಮಗಳ ಗಂಡನೋ ಮಗಳ ಮಗನೋ ನಮ್ಮ ಹೆಸರನ್ನು ಇಟ್ಟುಕೊಂಡರೆ ಮಾತ್ರ ಆಸ್ತಿ. ಅಲ್ಲಿಯ ಜೋಡಿ ಕುಲನಾಮಗಳಲ್ಲಿ ಅನೇಕವು ಹುಟ್ಟಿದ್ದು ಹೀಗೆಯೇ, ಆದರೆ ಹಳ್ಳಿಯ ರೈತನಿಗೆ ಆ ದಾರಿ ಇರಲಿಲ್ಲ. ಕೊಡವರಲ್ಲಿ ಇದಕ್ಕೆ ರೂಢಿಯಲ್ಲೇ ಅವಕಾಶವಿತ್ತು. ಗಂಡುಸಂತಾನವಿಲ್ಲದ ಒಕ್ಕದ ಮಗಳು ಒಕ್ಕ ಪರಿಜೆ ಎಂಬ ಪದ್ಧತಿಯಲ್ಲಿ ಮದುವೆಯಾದರೆ ಗಂಡನೇ ಅವಳ ಒಕ್ಕಕ್ಕೆ ಸೇರುತ್ತಾನೆ. ಮಕ್ಕ ಪರಿಜೆಯಲ್ಲಿ ಗಂಡ ತನ್ನ ಒಕ್ಕದಲ್ಲೇ ಉಳಿದು, ಮಕ್ಕಳು ತಾಯಿಯ ಒಕ್ಕಕ್ಕೆ ಸೇರುತ್ತಾರೆ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರು ಕೊಡವರ ಕುರಿತು 1952ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಎರಡೂ ಪದ್ಧತಿಗಳ ವಿವರಣೆಯಿದೆ. ಕರಡ ಗ್ರಾಮದಲ್ಲಿ 1997ರಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಉತ್ಸವದಲ್ಲಿ ಇಂದು ನೂರಾರು ಒಕ್ಕಗಳು ತಂಡ ಕಟ್ಟಿ ಇಳಿಯುತ್ತವೆ. ಅಷ್ಟು ಹೆಸರುಗಳು ಉಳಿದು ಬಂದಿರುವುದರಲ್ಲಿ ಈ ಪರಿಜೆಗಳ ಪಾಲೂ ಇದೆ ಎಂದು ನಾನು ಭಾವಿಸುತ್ತೇನೆ.

ಪರಿಜೆಯನ್ನು ಲೆಕ್ಕಕ್ಕೂ ತರಬಹುದು. ಸರಾಸರಿ ಒಬ್ಬ ಗಂಡು, ಒಬ್ಬಳು ಹೆಣ್ಣು, ಎರಡೂ ಪ್ವಾಸಾನ್ ನಿಯಮದಂತೆ; ಗಂಡುಮಕ್ಕಳೇ ಇಲ್ಲದಿದ್ದಾಗ ಮಾತ್ರ ಒಬ್ಬ ಮಗಳು ಹೆಸರನ್ನು ಮುಂದುವರಿಸುತ್ತಾಳೆ ಎಂದಿಟ್ಟುಕೊಂಡರೆ, ಹೆಸರು ಹೊರುವವರ ಸರಾಸರಿ 1ರಿಂದ 1.23ಕ್ಕೆ ಏರುತ್ತದೆ. ಸರಾಸರಿ 1 ಇದ್ದಾಗ ಖಚಿತವಾಗಿದ್ದ ಅಳಿವು ಶೇಕಡ 45ರ ಸುಮಾರಿಗೆ ಇಳಿಯುತ್ತದೆ. ಆದರೆ ಈ ಅಂಕಿ ಒಂದು ಒಕ್ಕವನ್ನು ಪ್ರತ್ಯೇಕವಾಗಿ ನೋಡಿದಾಗ ಮಾತ್ರ ನಿಜ. ಆ ಮಗಳ ಮಕ್ಕಳು ಇನ್ನೊಂದು ಒಕ್ಕಕ್ಕೆ ಸೇರಬೇಕಾಗಿದ್ದವರು, ಆದ್ದರಿಂದ ಜನಸಂಖ್ಯೆ ಬೆಳೆಯದಿದ್ದರೆ ಎಲ್ಲ ಒಕ್ಕಗಳ ಸರಾಸರಿಯೂ ಒಟ್ಟಿಗೆ 1.23 ಆಗಲಾರದು. ಇಲ್ಲಿ ನಡೆಯುವುದು ಹೆಚ್ಚು ಗಂಡುಮಕ್ಕಳಿರುವ ಒಕ್ಕದಿಂದ ಇಲ್ಲದ ಒಕ್ಕಕ್ಕೆ ಒಂದು ಸಂತತಿಯ ವರ್ಗಾವಣೆ. ಅದರಿಂದ ದೊಡ್ಡ ಒಕ್ಕಗಳು ತುಸು ನಿಧಾನವಾಗಿ ಬೆಳೆಯುತ್ತವೆ, ಸಣ್ಣ ಒಕ್ಕಗಳು ಬಹಳ ನಿಧಾನವಾಗಿ ಅಳಿಯುತ್ತವೆ. ಐದಾರು ಜನ ಮಾತ್ರ ಉಳಿದ ಒಕ್ಕಗಳೂ ಕುಟುಂಬ ಹಾಕಿಯಲ್ಲಿ ಹೆಂಗಸರು ಮಕ್ಕಳನ್ನೆಲ್ಲ ಸೇರಿಸಿಕೊಂಡು ಹನ್ನೊಂದು ಜನರನ್ನು ಹೊಂದಿಸಲು ಪರದಾಡುತ್ತವೆ, ಆದರೆ ತಂಡದ ಹೆಸರಂತೂ ಪಟ್ಟಿಯಲ್ಲಿ ಇರುತ್ತದೆ.