369ರ ಮೇಲೆ ಎರಡು ಊರು

14 ಮೇ 2017, ರವಿವಾರ, ಕಲಬುರಗಿ

ನಮ್ಮ ಓಣಿಯ ಮಾಸ್ತರ ಕಾಕಾ ಅವರ ರೇಡಿಯೊ ಕೆಲಸ ಇವತ್ತಿಗೆ ಮುಗಿಯಿತು. ಕಂಪನಿ ಹೆಸರಿಲ್ಲದ, ಯಾರೋ ಕಿಟ್ ತಂದು ಜೋಡಿಸಿದ ಎರಡು ಬ್ಯಾಂಡಿನ ಸೆಟ್ ಅದು. ಒಳಗಿನ ಟ್ರಾನ್ಸಿಸ್ಟರುಗಳು ಬಿಎಫ್194ಬಿ, ಬಿಎಫ್195ಸಿ, ಬಿಸಿ148, ಕೊನೆಗೆ ಸ್ಪೀಕರ್ ತಳ್ಳಲು ಎಸಿ187, ಎಸಿ188 ಜೋಡಿ. ಒಂದು ಕಾಲಕ್ಕೆ ಕಿಟ್ ರೇಡಿಯೊ ಬಿಚ್ಚಿದರೆ ಬಹುಮಟ್ಟಿಗೆ ಇದೇ ಬಳಗ ಕಾಣುತ್ತಿತ್ತು. ಸೆಲ್ ಹಾಕಿ ಮರೆತು, ಅವು ಸೋರಿ, ಸೆಟ್ ಮೂಕಾಗಿತ್ತು.

"ತಮ್ಮಾ, ಟಿವ್ಯಾಗ ಬರೇ ಒದರ್ತಾರ. ರೇಡಿಯೊದಾಗ ಪ್ರದೇಶ ಸಮಾಚಾರ ಕೇಳಿದ್ರ ಸುದ್ದಿ ಕೇಳಿದಂಗ ಆಗ್ತದ. ಹೆಂಗರ ಮಾಡಿ ಮಾತಾಡಸು ಇದನ್ನ," ಅಂತ ಕೈಚೀಲದಲ್ಲಿ ತಂದು ಕೊಟ್ಟು ಹೋಗಿದ್ದರು.

ಸೋರಿದ ಸೆಲ್ಲಿನ ಹೊಲಸು ತೆಗೆಯಲು ಎಲ್ಲರೂ ವಿನಿಗರ್ ಹಚ್ಚು ಅನ್ನುತ್ತಾರೆ. ಅಲ್ಕಲೈನ್ ಸೆಲ್ಲಿಗೆ ಆ ಮಾತು ಸರಿ. ಆದರೆ ನಾವು ಕಿರಾಣಿ ಅಂಗಡಿಯಲ್ಲಿ ಕೊಳ್ಳುವ ಸಾದಾ ಜಿಂಕ್ ಸೆಲ್ ಸೋರಿದ್ದು ಆಮ್ಲದ ಕಡೆಯದು. ಅದಕ್ಕೆ ಅಡುಗೆ ಸೋಡಾ ಕಲಸಿದ ನೀರೇ ಬೇಕು. ಹಳೆಯ ಬ್ರಷ್ಷಿನಿಂದ ತಿಕ್ಕಿ, ಒರೆಸಿ, ಈ ಬಿಸಿಲಿಗೆ ಇಟ್ಟರೆ ಒಣಗುವುದೇನು ದೊಡ್ಡ ಮಾತಲ್ಲ.

ಮೊದಲು ಸೆಲ್ಲಿನ ಸಾಲಿನಲ್ಲಿ ಮೀಟರ್ ಇಟ್ಟು ಕರೆಂಟ್ ನೋಡಿದೆ. 11 ಮಿಲಿಆಂಪ್. ಸದ್ದಿಲ್ಲದೆ ಕೂತ ಇಂಥ ಸೆಟ್ಟಿಗೆ ಅದು ಸರಿಯಾದ ಊಟ. ಎಂಬತ್ತು, ನೂರು ತೋರಿಸಿದ್ದರೆ ಎಸಿ188 ಸೋರುತ್ತಿದೆ ಎಂದು ಅನುಮಾನ ಪಡಬೇಕಿತ್ತು. ವಾಲ್ಯೂಮಿನ ನಡುಕಾಲಿಗೆ ಬೆರಳು ಮುಟ್ಟಿಸಿದರೆ ಸ್ಪೀಕರಿನಲ್ಲಿ ಗುಂಯ್ ಅಂತು. ಅಂದರೆ ಅಲ್ಲಿಂದ ಮುಂದಿನದೆಲ್ಲ ಜೀವಂತ, ರೋಗ ಹಿಂದೆ ಇದೆ.

ಹಿಂದೆ ಎಲ್ಲಿ ಎನ್ನುವುದಕ್ಕೆ ಕಲಬುರಗಿಯವರಿಗೆ ಒಂದು ಸುಲಭದ ಪರೀಕ್ಷೆ ಇದೆ. ಇನ್ನೊಂದು ಒಳ್ಳೆಯ ರೇಡಿಯೊದಲ್ಲಿ ನಮ್ಮ ಆಕಾಶವಾಣಿ, 1107 ಕಿಲೋಹರ್ಟ್ಜ್, ಹಚ್ಚಿಡಬೇಕು. ಕೆಟ್ಟ ಸೆಟ್ಟನ್ನು ಅದರ ಪಕ್ಕಕ್ಕೆ ಇಟ್ಟು ಮುಳ್ಳನ್ನು 6 ಮತ್ತು 7ರ, ಅಂದರೆ 600 ಮತ್ತು 700ರ, ಗುರುತಿನ ನಡುವೆ ನಿಧಾನಕ್ಕೆ ಎಳೆಯಬೇಕು. ಸೆಟ್ಟಿನೊಳಗೆ ತನ್ನದೇ ಅಲೆ ಹುಟ್ಟಿಸುವ ಆಸಿಲೇಟರ್ ಯಾವಾಗಲೂ ಮುಳ್ಳು ತೋರಿಸುವುದಕ್ಕಿಂತ 455 ಕಿಲೋಹರ್ಟ್ಜ್ ಮೇಲೆ ಓಡುತ್ತದೆ. ಹಾಗಾಗಿ ಮುಳ್ಳು 652ಕ್ಕೆ ಬಂದಾಗ ಆಸಿಲೇಟರ್ ಸರಿಯಾಗಿ 1107ರ ಮೇಲೆ ಬಂದು, ಒಳ್ಳೆಯ ರೇಡಿಯೊದಲ್ಲಿ ಶಿಳ್ಳೆ ಹೊಡೆಯಬೇಕು. ಹೊಡೆಯಲಿಲ್ಲ. ಬಿಎಫ್194ಬಿಯ ಬೇಸ್ ಮತ್ತು ಎಮಿಟರ್ ನಡುವೆ 0.65 ವೋಲ್ಟ್ ಚೆನ್ನಾಗಿಯೇ ಇತ್ತು. ಟ್ರಾನ್ಸಿಸ್ಟರ್ ಎಚ್ಚರವಿದೆ, ಆಸಿಲೇಟರ್ ಮಾತ್ರ ಓಡುತ್ತಿಲ್ಲ. ಕೆಂಪು ಕೋರಿನ ಆಸಿಲೇಟರ್ ಕಾಯಿಲಿಗೆ ಮೀಟರ್ ಇಟ್ಟರೆ ಒಂದು ಸುರುಳಿಯ ತಂತಿ ಎಲ್ಲೋ ತುಂಡಾಗಿತ್ತು.

ಕೆಂಪು ಕಾಯಿಲ್ ಹುಡುಕಿಕೊಂಡು ಸೂಪರ್ ಮಾರ್ಕೆಟ್ ಪೇಟೆಯ ಕಡೆ ಹೋದೆ. ಎಲ್ಲಿ ನೋಡಿದರೂ ಮೊಬೈಲ್ ಚಾರ್ಜರ್, ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರ್. ಒಂದು ಹಳೆಯ ಅಂಗಡಿಯ ಯಜಮಾನರು ಮಾತ್ರ ಕೇಳಿದ ಕೂಡಲೇ ನಕ್ಕರು.

"ಐಎಫ್‌ಟಿ ಈಗ ಯಾರ್ ಕೇಳ್ತಾರ್ರೀ! ತಡ್ರಿ, ಒಂದ್ ಡಬ್ಬಿ ಇರ್ಬೇಕು."

ಡಬ್ಬಿ ಸಿಕ್ಕಿತು. 455 ಕಿಲೋಹರ್ಟ್ಜ್ ಆರಿಸಿ ಮುಂದಕ್ಕೆ ಬಿಡುವ ಐಎಫ್‌ಟಿ ಕಾಯಿಲುಗಳು: ಹಳದಿ ಇದ್ದವು, ಬಿಳಿ ಇದ್ದವು, ಕಪ್ಪು ಒಂದೆರಡು. ಕೆಂಪು ಇರಲಿಲ್ಲ. "ಕೆಂಪು ಬೇಕಂದ್ರ ಕೋಠಿಗೇ ಹೋಗ್ಬೇಕ್ರೀ, ಗುಜರಾತಿ ಗಲ್ಲಿ. ಅಲ್ಲೂ ಸಿಗ್ತದಂತ ನಾ ಬರ್ದು ಕೊಡಂಗಿಲ್ಲ," ಅಂದರು. ನಮ್ಮ ಭಾಗದವರಿಗೆ ಬಿಡಿಭಾಗ ಅಂದರೆ ಬೆಂಗಳೂರಿನ ಎಸ್‌ಪಿ ರೋಡಿಗಿಂತ ಹೈದರಾಬಾದಿನ ಕೋಠಿಯೇ ಹತ್ತಿರ. ಆದರೂ ಒಂದು ಕಾಯಿಲಿಗಾಗಿ ಮೇ ತಿಂಗಳ ಬಿಸಿಲಲ್ಲಿ ರೈಲು ಹತ್ತುವ ಹುರುಪು ಬರಲಿಲ್ಲ. ಕಂಡೆನ್ಸರ್ ಒಂದಿಷ್ಟು ಕಟ್ಟಿಸಿಕೊಂಡು ಬಂದೆ, ಹಳೆಯ ಎಲೆಕ್ಟ್ರೋಲಿಟಿಕ್ ಎಲ್ಲವನ್ನೂ ಬದಲಿಸಿದೆ. ಅದರ ಬಗ್ಗೆ ಬರೆಯಲು ವಿಶೇಷವೇನಿಲ್ಲ.

ಇನ್ನು ಇದ್ದ ಕಾಯಿಲನ್ನೇ ಬದುಕಿಸಬೇಕು. ಐದು ಕಾಲು, ಡಬ್ಬಿಯ ಎರಡು ಕಿವಿ, ಎಲ್ಲದರ ಸೋಲ್ಡರ್ ಹೀರಿ ತೆಗೆದು, ಲೋಹದ ಟೋಪಿ ಎತ್ತಿ, ಭೂತಗನ್ನಡಿ ಹಿಡಿದು ನೋಡಿದೆ. ಒಂದು ಕಾಲಿನ ಬುಡದಲ್ಲಿ ಹಸಿರು ಜಂಗು. ಕೂದಲೆಳೆಯಂಥ ತಂತಿ ಅಲ್ಲಿಯೇ ತಿಂದುಹೋಗಿ ಗಾಳಿಯಲ್ಲಿ ನಿಂತಿತ್ತು. ಸೂಜಿಯಿಂದ ಮೆಲ್ಲಗೆ ಎಬ್ಬಿಸಿ ಅರ್ಧ ಸುತ್ತು ಬಿಚ್ಚಿದಾಗ ಕಾಲಿನವರೆಗೆ ಬರುವಷ್ಟು ಉದ್ದ ಸಿಕ್ಕಿತು. ಈ ತಂತಿಯ ಮೇಲಿನ ಬಣ್ಣವನ್ನು ಬ್ಲೇಡಿನಿಂದ ಕೆರೆಯಹೋದರೆ ತಂತಿಯೇ ತುಂಡಾಗುತ್ತದೆ. ಐರನ್ನಿನ ತುದಿಯಲ್ಲಿ ಒಂದು ಹನಿ ಸೋಲ್ಡರ್ ಕರಗಿಸಿಕೊಂಡು, ರಾಳ ಮುಟ್ಟಿಸಿದ ತಂತಿಯ ತುದಿಯನ್ನು ಆ ಹನಿಯೊಳಗೆ ಅದ್ದಿ ಹಿಡಿದೆ. ಮೊದಲು ಸಣ್ಣ ಹೊಗೆ, ಆಮೇಲೆ ಬಣ್ಣ ಸುಟ್ಟು ಕಪ್ಪಾಗಿ ಸುಲಿಯಿತು, ತಂತಿ ಬೆಳ್ಳಗಾಯಿತು. ಕಾಲಿಗೆ ಒಂದು ಸುತ್ತು ಹಾಕಿ ಬೆಸೆದೆ. ಮೀಟರಿನಲ್ಲಿ ಓಮು ಬಂತು. ಟೋಪಿ ಹಾಕಿ ಸ್ವಸ್ಥಾನಕ್ಕೆ ಕೂರಿಸಿ ಸ್ವಿಚ್ ಹಾಕಿದರೆ 1107ರ ಮೇಲೆ ಶಿಳ್ಳೆ.

ರಿಪೇರಿ ಇಲ್ಲಿಗೆ ಮುಗಿಯಿತು ಅನ್ನುವವರು ಬಹಳ. ನಿಲ್ದಾಣ ಬಂತಲ್ಲ, ಸಾಕು ಅಂತ ಹಿಂದಿನ ಮುಚ್ಚಳ ಹಾಕಿಬಿಡುತ್ತಾರೆ. ಅರ್ಧ ಸುತ್ತು ಹೋದ ಕಾಯಿಲು ಮೊದಲಿನ ಜಾಗದಲ್ಲಿ ಓಡುವುದಿಲ್ಲ. ಮುಳ್ಳು ಒಂದು ಕಡೆ, ನಿಲ್ದಾಣ ಇನ್ನೊಂದು ಕಡೆ. ಅಷ್ಟೇ ಆದರೆ ಸಹಿಸಬಹುದು. ಆಸಿಲೇಟರ್ ಮತ್ತು ಏರಿಯಲ್ ಕಾಯಿಲುಗಳ ಹೆಜ್ಜೆ ತಪ್ಪಿದರೆ ದೂರದ ನಿಲ್ದಾಣ ಕುಗ್ಗಿ ಕೇಳುತ್ತದೆ, ಆ ತಪ್ಪನ್ನು ಜನ ಸೆಲ್ಲಿನ ಮೇಲೆ ಹಾಕುತ್ತಾರೆ. ಡಯಲ್ ಕೂರಿಸಲೇಬೇಕು. ಅದಕ್ಕೆ ಅಳತೆಗೋಲು?

ನನ್ನ ಬಳಿ ಇರುವುದು ನಾನೇ ಕಟ್ಟಿದ ಸಿಗ್ನಲ್ ಜನರೇಟರ್, ಬೇಕಾದ ಕಂಪನಾಂಕದ ಅಲೆ ಬಿಡುವ ಪೆಟ್ಟಿಗೆ. ಒಂದು ಟ್ರಾನ್ಸಿಸ್ಟರ್, ಗ್ಯಾಂಗ್ ಎಂಬ ತಿರುಗಿಸುವ ಕಂಡೆನ್ಸರ್ ಒಂದು, 9 ವೋಲ್ಟಿನ ಬ್ಯಾಟರಿ, 350ರಿಂದ 600ರವರೆಗೆ ಪೆನ್ಸಿಲಿನಲ್ಲಿ ಬರೆದ ಕಾಗದದ ಡಯಲ್. ಆ ಬರಹವನ್ನು ಈ ಸೆಕೆಗೆ ನಂಬುವಂತಿಲ್ಲ. ಬಿಸಿ ಏರಿದಂತೆ ಕಂಪನಾಂಕ ಜರುಗುತ್ತದೆ. ಅದರ ಕಾಟ ತಗ್ಗಲೆಂದು ಡಿಸ್ಕ್ ಸಿರಾಮಿಕ್ ತೆಗೆದು, ನೆಹರೂ ಗಂಜ್ ಕಡೆಯ ಗುಜರಿಯಲ್ಲಿ ಸಿಕ್ಕ ಹಳೆಯ ಬೋರ್ಡಿನಿಂದ ಪಾಲಿಸ್ಟೈರೀನ್ ಕೆಪಾಸಿಟರ್ ಕಿತ್ತು ಹಾಕಿದ್ದೇನೆ. ಒಳಗಿನ ಸುರುಳಿ ಕಾಣುವ ಪಾರದರ್ಶಕ ಜಾತಿಯದು. ಬಿಸಿಗೆ ಇದರ ಬೆಲೆ ಇಳಿಯುತ್ತದೆ, ಕಾಯಿಲಿನದು ಏರುತ್ತದೆ, ಒಂದಕ್ಕೊಂದು ವಜಾ. ಬೆಸೆಯುವಾಗ ಮಾತ್ರ ಕಾಲನ್ನು ಇಕ್ಕಳದಲ್ಲಿ ಹಿಡಿಯಬೇಕು, ಇಲ್ಲವಾದರೆ ಕರಗಿ ಕೂರುತ್ತದೆ.

ಜರುಗಾಟ ಕಡಿಮೆಯಾದರೂ ಅದು ನಿಂತಿರುವುದು ಎಷ್ಟರ ಮೇಲೆ ಎಂದು ಹೇಳುವವರು ಬೇಕು. ಅದನ್ನು ಹೇಳುವವರು, ನಮ್ಮ ಆಕಾಶವಾಣಿಯವರು, 1966ರಿಂದ ಈ ಊರಲ್ಲೇ ಇದ್ದಾರೆ. ಮೀಡಿಯಂ ವೇವ್ ನಿಲ್ದಾಣವೊಂದು ತನ್ನ ಕಂಪನಾಂಕದಿಂದ 10 ಹರ್ಟ್ಜ್‌ಗಿಂತ ಆಚೀಚೆ ಸರಿಯಬಾರದು ಎಂಬುದು ಅಂತರರಾಷ್ಟ್ರೀಯ ನಿಯಮ. 1107 ಕಿಲೋಹರ್ಟ್ಜ್‌ನಲ್ಲಿ 10 ಹರ್ಟ್ಜ್ ಅಂದರೆ ಹತ್ತು ಲಕ್ಷಕ್ಕೆ ಒಂಬತ್ತು ಭಾಗ. ಇಷ್ಟು ಪಕ್ಕಾ ಅಳತೆ ಆಕಾಶದಿಂದ ಪುಕ್ಕಟೆ ಇಳಿಯುತ್ತಿರುವಾಗ ಕಂಪನಾಂಕ ಎಣಿಸುವ ಕೌಂಟರ್ ಕೊಳ್ಳಲು ಓಡುವುದು ಯಾಕೋ ನನಗೆ ಒಗ್ಗಿಲ್ಲ.

1978ರ ನವೆಂಬರಿನಿಂದ ನಮ್ಮ ಭಾಗದ ಮೀಡಿಯಂ ವೇವ್ ಎಲ್ಲ 9ರ ಮಗ್ಗಿಯಲ್ಲಿದೆ. ಹೈದರಾಬಾದ್ 738, ಅಂದರೆ 9 ಎಂಬತ್ತೆರಡಲೆ. ಕಲಬುರಗಿ 1107, ಅಂದರೆ 9 ನೂರಾ ಇಪ್ಪತ್ಮೂರಲೆ. 82 ಎಂಬುದು 41ರ ಎರಡರಷ್ಟು, 123 ಮೂರರಷ್ಟು. ಹಾಗಾಗಿ 369ನ್ನು ಎರಡರಿಂದ ಗುಣಿಸಿದರೆ ಹೈದರಾಬಾದ್, ಮೂರರಿಂದ ಗುಣಿಸಿದರೆ ಕಲಬುರಗಿ! ಜನರೇಟರ್ ಯಾವತ್ತೂ ಒಂದೇ ಕಂಪನಾಂಕ ಬಿಡುವುದಿಲ್ಲ, ಅದರ ಎರಡು, ಮೂರು, ನಾಲ್ಕರಷ್ಟನ್ನೂ ಸಣ್ಣಗೆ ಬಿಡುತ್ತದೆ. ನಾಲ್ಕರಷ್ಟು ಎಂದರೆ 1476. ಡಯಲಿನ ಮೇಲ್ತುದಿಗೆ ಅದಕ್ಕಿಂತ ಒಳ್ಳೆಯ ಗುರುತು ಬೇಡ. ಇದನ್ನು ಕಾಗದದ ಮೇಲೆ ಕಂಡ ಹೊತ್ತಿಗೆ ಚಹಾ ಆರಿಹೋಗಿತ್ತು.

ಎಲ್‌ಇಡಿ ಬಲ್ಬು, ಚಾರ್ಜರುಗಳ ಗರಗರದಲ್ಲಿ ಈ ಕೆಲಸ ಆಗದು. ಮೇನ್ ಸ್ವಿಚ್ಚನ್ನೇ ಇಳಿಸಿದೆ.

"ಹಂಗಾರ ಫ್ಯಾನೂ ಇಲ್ಲೇನ್ರೀ? ಈ ಬಿಸಲಾಗ?" ಒಳಗಿಂದ ಮನೆಯವಳು.

"ಸ್ವಲ್ಪ ಹೊತ್ತು ಅಷ್ಟ."

"ನಿಮ್ಮ ಸ್ವಲ್ಪ ಹೊತ್ತು ನಂಗ ಗೊತ್ತದ."

ಒಳ್ಳೆಯ ರೇಡಿಯೊದಲ್ಲಿ ಕಲಬುರಗಿ ಹಚ್ಚಿ, ಜನರೇಟರ್ ತನ್ನ ಅಲೆಯ ಮೇಲೆ ಹೇರುವ ಟೋನ್ ಬಂದ್ ಮಾಡಿ, ಗುಬ್ಬಿಯನ್ನು 369ರ ಸುತ್ತ ತಿರುಗಿಸಿದೆ. ಶಿಳ್ಳೆ ಎತ್ತರದಿಂದ ಇಳಿಯುತ್ತ ಇಳಿಯುತ್ತ ಗುರುಗುಟ್ಟಿ, ಕೊನೆಗೆ ಕಿವಿಗೆ ಸಿಗದಂತಾಯಿತು. ಆಗ ಸುದ್ದಿ ಓದುವವರ ದನಿಯೇ ಉಬ್ಬಿ ತಗ್ಗತೊಡಗಿತು. ಆ ಉಬ್ಬುತಗ್ಗು ಸೆಕೆಂಡಿಗೆ ಒಂದಕ್ಕೆ ಇಳಿದರೆ ಸಾಕು, ಅಷ್ಟರಲ್ಲೇ ಇದ್ದೀರಿ. ಜನರೇಟರಿನಲ್ಲಿ 1 ಹರ್ಟ್ಜ್ ತಪ್ಪಿದರೆ ಇಲ್ಲಿ ಮೂರಾಗಿ ಕೇಳುವುದರಿಂದ ಕೈ ತಾನಾಗಿ ಹಗುರಾಗುತ್ತದೆ. ಗುಬ್ಬಿ ಮುಟ್ಟದೆ ರೇಡಿಯೊವನ್ನು ಹೈದರಾಬಾದಿಗೆ ತಿರುಗಿಸಿದೆ. ಅಲ್ಲಿಯೂ ಅದೇ ಉಬ್ಬುತಗ್ಗು. 1107ರ ಅರ್ಧವಾದ 553.5ರಲ್ಲಿ ಜನರೇಟರ್ ನಿಂತಿದ್ದರೂ ಕಲಬುರಗಿ ಹೀಗೆಯೇ ಕೇಳುತ್ತಿತ್ತು. ಆದರೆ ಹೈದರಾಬಾದ್ ಸಾಕ್ಷಿ ಹೇಳುವುದು 369ಕ್ಕೆ ಮಾತ್ರ.

ಇನ್ನು ಐಎಫ್‌ಟಿಗಳ 455. ಅದಕ್ಕೂ ಗುಜರಿಯೇ ಗತಿ. ಹಳೆಯ ಟಿವಿ ರಿಮೋಟುಗಳಲ್ಲಿ 455ಇ ಎಂದು ಬರೆದ ಪುಟ್ಟ ರೆಸೊನೇಟರ್ ಇರುತ್ತದೆ. ಅದನ್ನು 12ರಿಂದ ಭಾಗಿಸಿದರೆ ರಿಮೋಟಿನ 38 ಕಿಲೋಹರ್ಟ್ಜ್ ಬರುತ್ತದೆ. ಮಗಳು ಗುಂಡಿ ಒತ್ತಿ ಹಿಡಿದಳು, 455ರ ಎರಡರಷ್ಟಾದ 910ಕ್ಕೆ ರೇಡಿಯೊ ಹಚ್ಚಿದಾಗ ಅದರ ಗರಗರ ಕೇಳಿತು. ಜನರೇಟರನ್ನು ಅದಕ್ಕೆ ಕೂಡಿಸಿದೆ. ಒಂದೆರಡು ಕಿಲೋಹರ್ಟ್ಜ್ ಆಚೀಚೆ ಇದ್ದರೂ ಚಿಂತೆಯಿಲ್ಲ, ಮೂರೂ ಐಎಫ್‌ಟಿ ಒಂದೇ ಜಾಗಕ್ಕೆ ಬರಬೇಕು, ಅಷ್ಟೇ. ಟೋನ್ ಹಾಕಿ ಕಪ್ಪು, ಬಿಳಿ, ಹಳದಿ ಎಂದು ಹಿಂದಿನಿಂದ ಮುಂದಕ್ಕೆ ಬಂದೆ. ಸಿಗ್ನಲ್ ಆದಷ್ಟು ಸಣ್ಣದಿರಬೇಕು. ದೊಡ್ಡದಾದರೆ ಸದ್ದನ್ನು ತಾನಾಗಿ ಹಿಡಿತದಲ್ಲಿಡುವ ಸೆಟ್ಟಿನ ಎಜಿಸಿ ಎಲ್ಲವನ್ನೂ ಸಮ ಮಾಡಿ ಶಿಖರವನ್ನೇ ಮುಚ್ಚಿಡುತ್ತದೆ. ಕಬ್ಬಿಣದ ಸ್ಕ್ರೂಡ್ರೈವರ್ ಹತ್ತಿರ ತಂದರೇ ಕಾಯಿಲಿನ ಲೆಕ್ಕ ಬದಲಾಗುತ್ತದೆ. ಟೂತ್‌ಬ್ರಷ್ ಹಿಡಿಯನ್ನು ಅರದಿಂದ ತಿಕ್ಕಿ ಮಾಡಿದ ಉಳಿಯೇ ನನ್ನ ಆಯುಧ.

ಡಯಲ್ ಕೂರಿಸುವಾಗ ಕೆಳತುದಿಗೆ ಕಾಯಿಲ್, ಮೇಲ್ತುದಿಗೆ ಟ್ರಿಮ್ಮರ್ ಎಂಬ ಪುಟ್ಟ ತಿರುಪಿನ ಕಂಡೆನ್ಸರ್. ಜನರೇಟರನ್ನು 553.5ಕ್ಕೆ ತಂದು, ಅದರ ಇಮ್ಮಡಿಯನ್ನು ಕಲಬುರಗಿಗೆ ಕೂಡಿಸಿ, ಕಾಕಾ ಅವರ ಸೆಟ್ಟಿನ ಮುಳ್ಳನ್ನು ಕೆಳತುದಿಯ ಆ ಜಾಗಕ್ಕೆ ಇಟ್ಟು ಕೆಂಪು ಕೋರ್ ತಿರುಗಿಸಿದೆ. ಮತ್ತೆ 369ಕ್ಕೆ ಹೋಗಿ 1476ರಲ್ಲಿ ಟ್ರಿಮ್ಮರ್. ಒಂದನ್ನು ಮುಟ್ಟಿದರೆ ಇನ್ನೊಂದು ಜರುಗುತ್ತದೆ, ಎರಡೂ ನಿಲ್ಲುವತನಕ ಕೆಳಗೆ ಮೇಲೆ ಓಡಾಡಬೇಕು. ಆಮೇಲೆ ಅದೇ ಎರಡು ಜಾಗದಲ್ಲಿ ಫೆರೈಟ್ ಕಡ್ಡಿಯ ಮೇಲಿನ ಕಾಯಿಲನ್ನು ಸರಿಸಿ, ಏರಿಯಲ್ ಟ್ರಿಮ್ಮರ್ ತಿರುಗಿಸಿ, ಸದ್ದು ಗರಿಷ್ಠವಾದಲ್ಲಿ ಮೇಣ ಹನಿಸಿದೆ. ಧಾರವಾಡ 765 ಹೈದರಾಬಾದಿನ ಪಕ್ಕದಲ್ಲೇ ಬೇರೆಯಾಗಿ ಕೇಳಿತು. ಐಎಫ್‌ಟಿ ಒಂದೇ ಕಡೆ ನಿಂತಿವೆ ಎಂಬುದಕ್ಕೆ ಅಷ್ಟು ಸಾಕು.

ಸಂಜೆ ಕಾಕಾ ಬಂದು ಮುಳ್ಳು ಓಡಿಸಿ ನೋಡಿದರು. "ಹನ್ನೊಂದರ ಮ್ಯಾಲೇ ಬರ್ತದಲ್ಲೋ ನಮ್ಮ ಸ್ಟೇಷನ್ನು! ಮೊದಲ ಹತ್ತರ ಹತ್ರ ಬರ್ತಿತ್ತು," ಅಂದರು. ಅಂದರೆ ಕಿಟ್ ಜೋಡಿಸಿದವರೂ ಡಯಲ್ ಕೂರಿಸಿರಲಿಲ್ಲ.

ಶಾರ್ಟ್‌ವೇವ್ ಕಾಯಿಲುಗಳಿಗೆ ಕೈ ಹಚ್ಚಿಲ್ಲ. ಬ್ಯಾಂಡ್ ಸ್ವಿಚ್ ಮೀಡಿಯಂ ಕಡೆಗೇ ಬಿಗಿದುಕೊಂಡಿದೆ, ಕಾಕಾ ಅದನ್ನು ಕೇಳಿದವರೂ ಅಲ್ಲ. ಮಾಡಬೇಕೆಂದರೆ ಜನರೇಟರಿಗೆ ಇನ್ನೊಂದು ಕಾಯಿಲ್ ಸುತ್ತಬೇಕು. ಮಳೆ ಬೀಳಲಿ, ಆಮೇಲೆ ನೋಡೋಣ.