ಕಾಸರಗೋಡು ಜಿಲ್ಲೆಯ ನೀರ್ಚಾಲಿನ ನಮ್ಮ ಬಚ್ಚಲುಮನೆ: ನಳ್ಳಿಗಳನ್ನು ಮಕ್ಕಳಿಗೆ ಸುರಕ್ಷಿತವಾಗಿಸುವ ಕೆಲಸದ ದಿನಚರಿ

ಜನವರಿ 11

ಎರಡೂವರೆ ವರ್ಷದ ಮಗಳು ಮೊನ್ನೆ ಸಂಜೆ ಬಚ್ಚಲುಮನೆಯ ಬಿಸಿನೀರಿನ ನಳ್ಳಿಯನ್ನು ತಾನೇ ತಿರುಗಿಸಿದಳು. ನಾನು ಅವಳ ಹಿಂದೆಯೇ, ನಾಲ್ಕು ಹೆಜ್ಜೆ ದೂರದಲ್ಲಿ, ಬೈರಾಸು ಹುಡುಕುತ್ತಾ ನಿಂತಿದ್ದೆ. ನೀರು ಮೊದಲು ತಣ್ಣಗೆ ಬಂತು. ಅವಳು ನಗುತ್ತಾ ಅದರ ಕೆಳಗೆ ಕೈಯೊಡ್ಡಿ ಆಡತೊಡಗಿದಳು; ಅರ್ಧ ನಿಮಿಷ ಕಳೆಯುವಷ್ಟರಲ್ಲಿ ಕಿರುಚಿದಳು. ಎಡಗೈಯ ಹಿಂಬದಿ ಕೆಂಪಾಗಿತ್ತು. ಹೆಂಡತಿ ಓಡಿ ಬಂದು ಮಗುವಿನ ಬಳೆ ಕಳಚಿ, ಪಕ್ಕದ ತಣ್ಣೀರಿನ ನಳ್ಳಿಯ ಕೆಳಗೆ ಕೈ ಹಿಡಿಸಿ, ಗಡಿಯಾರ ನೋಡಿಕೊಂಡು 20 ನಿಮಿಷ ಅಲ್ಲಿಂದ ಕದಲಲಿಲ್ಲ. ಕೈ ತಣ್ಣಗಾಗುತ್ತಿದ್ದಾಗ ಉಳಿದ ಮೈಗೆ ಚಳಿ ಹಿಡಿಯದಂತೆ ದಪ್ಪ ಬಟ್ಟೆ ಸುತ್ತಿದ್ದೆವು. ತೆಂಗಿನೆಣ್ಣೆ ಹಚ್ಚಿ ಎಂದು ಒಬ್ಬರು, ಟೂತ್‌ಪೇಸ್ಟ್ ಹಚ್ಚಿ ಎಂದು ಇನ್ನೊಬ್ಬರು ಹೇಳಿದರು. ಹೆಂಡತಿ ಯಾವುದನ್ನೂ ಹಚ್ಚಗೊಡಲಿಲ್ಲ, ಐಸನ್ನು ಇಡಗೊಡಲೂ ಇಲ್ಲ. ಹರಿಯುವ ತಣ್ಣೀರು ಚರ್ಮದೊಳಗೆ ಉಳಿದ ಕಾವನ್ನು ಇಳಿಸುತ್ತದೆ, ಎಣ್ಣೆ ಅದನ್ನು ಒಳಗೇ ಹಿಡಿದಿಡುತ್ತದೆ. ಗುಳ್ಳೆ ಏಳಲಿಲ್ಲ, ಮರುದಿನಕ್ಕೆ ಕೆಂಪೂ ಇಳಿಯಿತು. ಗುಳ್ಳೆ ಎದ್ದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೊರಡುವುದೆಂದು ನಿಶ್ಚಯಿಸಿದ್ದೆವು.

ಆ ಅರ್ಧ ನಿಮಿಷದ ತಣ್ಣೀರಿನ ಲೆಕ್ಕವನ್ನು ಇವತ್ತು ಹಾಕಿದೆ. ತಾರಸಿಯ ಮೇಲಿನ ಸೋಲಾರ್ ತೊಟ್ಟಿಯಿಂದ ನಳ್ಳಿಯವರೆಗೆ ಬಿಸಿನೀರು ತಾಳುವ ಪ್ಲಾಸ್ಟಿಕ್ಕಿನ (ಸಿಪಿವಿಸಿ) ಮುಕ್ಕಾಲು ಇಂಚಿನ ಪೈಪು ಸುಮಾರು 12 ಮೀಟರ್ ಇದೆ; ಅದರ ಹೊಟ್ಟೆಯಲ್ಲಿ ಮೂರು ಲೀಟರಿನಷ್ಟು ನೀರು ನಿಂತು ತಣಿದಿರುತ್ತದೆ. ನಳ್ಳಿ ನಿಮಿಷಕ್ಕೆ ಆರು ಲೀಟರ್ ಬಿಡುತ್ತದೆ. ಅಂದರೆ ನಳ್ಳಿ ತೆರೆದ ಮಗುವಿಗೆ ಅದು ತಣ್ಣೀರಿನ ನಳ್ಳಿಯೆಂದು ನಂಬಿಸಿ, ಕೈಯನ್ನು ಅಲ್ಲಿಯೇ ಇರಿಸಿಕೊಂಡು, ಆಮೇಲೆ ಸುಡುವ ನೀರನ್ನು ಸುರಿಸುವ ಏರ್ಪಾಡನ್ನು ನಾನೇ ಮಾಡಿಟ್ಟಿದ್ದೇನೆ. ಈ ಮನೆಯ ಪೈಪು ಎಳೆದವನು ನಾನೇ.

ಜನವರಿ 16

ಐದು ದಿನ ನೀರಿನ ಬಿಸಿ ಅಳೆದೆ. ಅಡುಗೆಗೆ ಬಳಸುವ ಡಿಜಿಟಲ್ ಥರ್ಮಾಮೀಟರು ಸಾಕಾಯಿತು. ಪೈಪಿನ ತಣ್ಣೀರು ಹೋದ ಮೇಲೆ ಬೆಳಗ್ಗೆ ಆರು ಗಂಟೆಗೆ 56 ಡಿಗ್ರಿ ಸೆಲ್ಸಿಯಸ್, ಮಧ್ಯಾಹ್ನ ಮೂರಕ್ಕೆ 71. ಮಗಳ ಕೈ ಸುಟ್ಟದ್ದು ಸಂಜೆ. ಆ ಹೊತ್ತಿಗೆ 68 ಇರುತ್ತದೆ.

ಬಿಸಿನೀರು ಚರ್ಮಕ್ಕೆ ಮಾಡುವ ಹಾನಿಗೆ ಬಿಸಿ ಎಷ್ಟು, ಹೊತ್ತು ಎಷ್ಟು ಎಂಬ ಎರಡೂ ಸೇರುತ್ತವೆ. 1947ರಲ್ಲಿ ಅಮೆರಿಕದ ಮೊರಿಟ್ಜ್ ಮತ್ತು ಹೆನ್ರಿಕೆಸ್ ಎಂಬ ಇಬ್ಬರು ಸಂಶೋಧಕರು ಇದನ್ನು ಅಳೆದು ಪ್ರಕಟಿಸಿದರು. 49 ಡಿಗ್ರಿಯ ನೀರು ದೊಡ್ಡವರ ಚರ್ಮವನ್ನು ಆಳವಾಗಿ ಸುಡಲು ಹಲವು ನಿಮಿಷ ಬೇಕು, 60 ಡಿಗ್ರಿಗೆ ಸುಮಾರು ಐದು ಸೆಕೆಂಡು ಸಾಕು, 70ರ ಹತ್ತಿರ ಒಂದು ಸೆಕೆಂಡಿನ ಆಸುಪಾಸು. ಮಗುವಿನ ಚರ್ಮ ತೆಳು, ಅದಕ್ಕೆ ಇನ್ನೂ ಕಡಿಮೆ ಹೊತ್ತು ಸಾಕು. ಮೇಲಾಗಿ ಸುಟ್ಟ ಕೂಡಲೇ ಕೈ ಹಿಂದೆಗೆಯಬೇಕೆಂಬುದು ಎರಡು ವರ್ಷದ ಮಗುವಿಗೆ ಎಷ್ಟೋ ಸಲ ಹೊಳೆಯುವುದಿಲ್ಲ, ನಿಂತಲ್ಲೇ ನಿಂತು ಅಳುತ್ತದೆ. ನಮ್ಮ ಮಗಳು ಕೈ ಎಳೆದುಕೊಂಡಳು. ಅದು ನಮ್ಮ ಪುಣ್ಯ.

ವಿದ್ಯುತ್ ಗೀಸರಿಗೆ ಬಿಸಿ ತಗ್ಗಿಸುವ ತಿರುಪು ಇರುತ್ತದೆ, ಅದನ್ನು ತಿರುಗಿಸಿಬಿಡಬಹುದು. ಸೋಲಾರ್‌ಗೆ ತಿರುಪಿಲ್ಲ. ನಮ್ಮ ಊರಿನ ಮಕರದ ಬಿಸಿಲು ಎಷ್ಟು ಕಾಯಿಸುತ್ತದೋ ಅಷ್ಟು ಬಿಸಿ ಕೆಳಗೆ ಇಳಿಯುತ್ತದೆ.

ಜನವರಿ 19

ನಾಲ್ಕು ತಿಂಗಳ ಮಗನಿಗೆ ನೀರು ಹೊಯ್ಯುವವರು ನನ್ನ ಅಮ್ಮ. ಕಾಲು ನೀಡಿ ಕುಳಿತು, ಮಗುವನ್ನು ಕಾಲುಗಳ ಮೇಲೆ ಮಲಗಿಸಿ, ಚೆಂಬಿನಿಂದ ಸಣ್ಣಗೆ ನೀರಿಳಿಸುವ ಅವರ ಕೈಯ ನಯವನ್ನು ನಾನು ಕಲಿಯಲಾರೆ. ಆದರೆ ನೀರಿನ ಬಿಸಿಯ ವಿಷಯದಲ್ಲಿ ಆ ಕೈಯನ್ನು ನಂಬಬಹುದೇ ಎಂದು ಇವತ್ತು ಕೇಳಿಕೊಳ್ಳಬೇಕಾಯಿತು. ಮೂರು ಬಾಲ್ದಿಗಳಲ್ಲಿ 38, 42 ಮತ್ತು 46 ಡಿಗ್ರಿಯ ನೀರಿಟ್ಟು, ಯಾವುದು ಎಷ್ಟೆಂದು ಹೇಳದೆ, ಮಗುವಿಗೆ ಯಾವುದು ಹದವೆಂದು ಕೇಳಿದೆ. ಅಮ್ಮ ಬಲಗೈಯನ್ನು ಮಣಿಗಂಟಿನವರೆಗೆ ಅದ್ದಿ ಮೂರನ್ನೂ ನೋಡಿ, ಮೊದಲನೆಯದು ತಣ್ಣಗಿದೆ ಎಂದು ದೂರ ಸರಿಸಿ, 42ರದ್ದನ್ನು ತೋರಿಸಿದರು. ಐವತ್ತು ವರ್ಷ ಬೆಂಕಿಯ ಎದುರು, ಕಾದ ಪಾತ್ರೆಗಳ ನಡುವೆ ಕೆಲಸ ಮಾಡಿದ ಅಂಗೈಗೆ ಹಾಗೆ ಅನಿಸುವುದು ಸಹಜ. ಎಳೆಮಗುವಿಗೆ 37ರಿಂದ 38 ಸಾಕು.

ಬಳಿಕ ಅದೇ ನೀರಿಗೆ ಮೊಣಕೈ ಮುಟ್ಟಿಸಿ ನೋಡುವಂತೆ ಕೇಳಿಕೊಂಡೆ. ಮೊಣಕೈಯ ಚರ್ಮ ಅಂಗೈಯಷ್ಟು ಗಟ್ಟಿಯಾಗಿಲ್ಲ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, 42ರದ್ದಕ್ಕೆ ತಣ್ಣೀರು ಬೆರೆಸಿದರು. ಹೆರಿಗೆಯಾದವಳಿಗೆ ಸುಡುಸುಡು ನೀರು ಹೊಯ್ದು ರೂಢಿಯಾದ ಮನೆಯಲ್ಲಿ ಮಗುವಿಗೆ ಬೇರೆ ಹದ ಎಂದು ಒಪ್ಪಿಕೊಳ್ಳುವುದು ಸುಲಭವಲ್ಲ, ಅವರು ಒಪ್ಪಿದರು.

ಜನವರಿ 28

ಸುಲಭದ ಕೆಲಸಗಳು ಮುಗಿದವು. ನಳ್ಳಿಯ ಮೂತಿಗೆ ರಬ್ಬರಿನ ಮೆತ್ತನೆಯ ಹೊದಿಕೆ ಹಾಕಿದೆ, ಏಕೆಂದರೆ ಬಿಸಿನೀರು ಹರಿದ ಹಿತ್ತಾಳೆಯ ಮೂತಿಯೂ ಸುಡುತ್ತದೆ, ಜಾರಿಬಿದ್ದರೆ ತಲೆಗೆ ತಾಗುವುದೂ ಅದೇ. ಮಗಳನ್ನು ಕೂರಿಸುವ ಮಣೆಯನ್ನು ನಳ್ಳಿಗಳಿಂದ ದೂರದ ಮೂಲೆಗೆ ಒಯ್ದೆ. ಬಿಸಿನೀರಿನ ನಳ್ಳಿಯ ಹಿಡಿಯನ್ನೇ ಕಳಚಿ ಕಪಾಟಿನಲ್ಲಿಟ್ಟು, ಗೋಡೆಯಲ್ಲಿ ಐದು ಅಡಿ ಎತ್ತರಕ್ಕೆ ಒಂದು ಬಾಲ್ ವಾಲ್ವ್ ಕೂರಿಸಿದೆ. ಮೇಲಿನದನ್ನು ತೆರೆಯದೆ ಕೆಳಗೆ ನೀರು ಬರುವುದಿಲ್ಲ. ಬಾಲ್ದಿಗೆ ಮೊದಲು ತಣ್ಣೀರು, ಅದರ ಮೇಲೆ ಬಿಸಿನೀರು, ಕೊನೆಗೆ ಮತ್ತೆ ಒಂದಿಷ್ಟು ತಣ್ಣೀರು ಎಂಬ ಕ್ರಮವನ್ನು ಎಲ್ಲರಿಗೂ ಹೇಳಿದ್ದೇನೆ. ನಮ್ಮಲ್ಲಿ ಬಿಸಿನೀರು ಮೊದಲು ತುಂಬಿ ಆಮೇಲೆ ಹದ ಮಾಡುವುದೇ ಅಭ್ಯಾಸ. ಆ ನಡುವಿನ ಒಂದು ನಿಮಿಷದಲ್ಲಿ ಮಗು ಬಾಲ್ದಿಗೆ ಕೈಹಾಕಿದರೆ ಕೈ ಹೋಗುವುದು 68 ಡಿಗ್ರಿಗೆ. ಹೇಳಿದ್ದು ನೆನಪಿರುವುದು ಎಷ್ಟು ದಿನವೋ. ಮೊದಲ ವಾರದಲ್ಲೇ ಎರಡು ಸಲ ನಾನೇ ಮರೆತೆ.

ಫೆಬ್ರವರಿ 7

ಈ ವಾರ ಕಂಡದ್ದು ಇಡೀ ಕೆಲಸದ ದಿಕ್ಕನ್ನೇ ಬದಲಿಸಿತು. ಮಗಳಿಗೆ ಶವರಿನಿಂದ ಹದವಾದ ನೀರು ಬಿಡುತ್ತಿದ್ದೆ, ಕೈ ಅಡ್ಡ ಹಿಡಿದೇ ಇದ್ದೆ. ಇದ್ದಕ್ಕಿದ್ದಂತೆ ನೀರು ಸುಡತೊಡಗಿತು. ನಳ್ಳಿಯನ್ನು ಯಾರೂ ಮುಟ್ಟಿರಲಿಲ್ಲ. ಹೊರಗೆ ಬಂದು ನೋಡಿದರೆ ಕೆಲಸದವರು ಅಡಿಕೆ ತೋಟದ ಸ್ಪ್ರಿಂಕ್ಲರ್ ಲೈನಿನ ವಾಲ್ವ್ ತೆರೆದಿದ್ದರು.

ನಮ್ಮ ನೀರು ಗುಡ್ಡದ ಸುರಂಗದ್ದು. ಮುರಕಲ್ಲು ಕೊರೆದ ಸುರಂಗದಿಂದ ಹರಿದ ನೀರು ಅದರ ಬಾಯಿಯ ಬಳಿಯ ಟಾಂಕಿಯಲ್ಲಿ ನಿಲ್ಲುತ್ತದೆ. ಆ ಟಾಂಕಿ ಅಂಗಳದಿಂದ ಸುಮಾರು 15 ಮೀಟರ್ ಎತ್ತರದಲ್ಲಿದೆ. ಬಚ್ಚಲಿನ ತಣ್ಣೀರು ನೇರವಾಗಿ ಅಲ್ಲಿಂದ ಬರುತ್ತಿತ್ತು, ಅಂದರೆ ಹತ್ತು ಮೀಟರ್ ಎತ್ತರಕ್ಕೆ ಒಂದು ಬಾರಿನ ಲೆಕ್ಕದಲ್ಲಿ ಒಂದೂವರೆ ಬಾರ್ ಒತ್ತಡ. ಬಿಸಿನೀರು ಬರುವುದು ತಾರಸಿಯ ತೊಟ್ಟಿಯಿಂದ, ನಾಲ್ಕು ಮೀಟರಿನ ಎತ್ತರ, 0.4 ಬಾರ್. ಇವೆರಡನ್ನೂ ಒಂದೇ ಮಿಕ್ಸರ್ ನಳ್ಳಿಯಲ್ಲಿ ಬೆರೆಸುತ್ತಿದ್ದೆ. ತೋಟಕ್ಕೆ ನೀರು ಬಿಟ್ಟ ಕೂಡಲೇ ತಣ್ಣೀರಿನ ಒತ್ತಡ ಕುಸಿಯುತ್ತದೆ, ಬಿಸಿನೀರು ಏಕಾಏಕಿ ಮೇಲುಗೈಯಾಗುತ್ತದೆ. ಸುರಂಗದ ನೀರು ಬಳಸುವ ನಮ್ಮ ಸುತ್ತಿನ ಅನೇಕ ಮನೆಗಳಲ್ಲಿ ಬಚ್ಚಲಿಗೂ ತೋಟಕ್ಕೂ ಒಂದೇ ಲೈನು ಇದೆ. ಅವರಿಗೂ ಇದನ್ನು ಹೇಳುತ್ತಿದ್ದೇನೆ.

ಪರಿಹಾರ ಹೇಳುವುದಕ್ಕೆ ಸುಲಭ, ಮಾಡಲು ಮೂರು ದಿನ ಹಿಡಿಯಿತು. ಗುಡ್ಡದ ಟಾಂಕಿಯ ನೀರನ್ನು ಮೊದಲು, ತೊಟ್ಟಿ ತುಂಬಿದಾಗ ತಾನೇ ಮುಚ್ಚಿಕೊಳ್ಳುವ ಫ್ಲೋಟ್ ವಾಲ್ವ್ ಮೂಲಕ ತಾರಸಿಯ ತೊಟ್ಟಿಗೆ ತುಂಬಿಸಿ, ಬಚ್ಚಲಿನ ತಣ್ಣೀರೂ ಸೋಲಾರ್‌ಗೆ ಹೋಗುವ ನೀರೂ ಅದೊಂದೇ ತೊಟ್ಟಿಯಿಂದ ಇಳಿಯುವಂತೆ ಮಾಡಿದೆ. ಈಗ ಎರಡರ ಒತ್ತಡವೂ ಒಂದೇ. ತೋಟಕ್ಕೆ ನೀರು ಬಿಟ್ಟರೂ ಶವರಿನ ನೀರಿನಲ್ಲಿ ಒಂದು ಡಿಗ್ರಿಯೂ ಏರುಪೇರಾಗುವುದಿಲ್ಲ.

ಮಾರ್ಚ್ 4

ಬಿಸಿನೀರು ನಳ್ಳಿಗೆ ಬರುವ ಮೊದಲೇ ತಣ್ಣೀರಿನೊಂದಿಗೆ ಬೆರೆತು ನಿಗದಿತ ಬಿಸಿಗೆ ಇಳಿಯುವಂತೆ ಮಾಡುವ ಥರ್ಮೋಸ್ಟ್ಯಾಟಿಕ್ ಮಿಕ್ಸಿಂಗ್ ವಾಲ್ವ್ ತರಿಸಿದೆ. ಇದರೊಳಗೆ ಮೇಣ ತುಂಬಿದ ಒಂದು ಸಣ್ಣ ಅಂಡೆಯಿದೆ. ಬೆರೆತ ನೀರು ಬಿಸಿಯಾದರೆ ಮೇಣ ಉಬ್ಬಿ ಬಿಸಿನೀರಿನ ದಾರಿಯನ್ನು ಕಿರಿದು ಮಾಡುತ್ತದೆ, ತಣಿದರೆ ಕುಗ್ಗಿ ಬಿಡಿಸುತ್ತದೆ. ತಣ್ಣೀರು ಪೂರ್ತಿ ನಿಂತರೆ ಬಿಸಿನೀರನ್ನೂ ಮುಚ್ಚಿಬಿಡುತ್ತದೆ. ಇಂಗ್ಲೆಂಡಿನಲ್ಲಿ ಹೊಸ ಮನೆಗಳ ಸ್ನಾನದ ತೊಟ್ಟಿಗೆ ಬರುವ ನೀರು 48 ಡಿಗ್ರಿ ಮೀರಬಾರದೆಂಬ ನಿಯಮ 2010ರಲ್ಲಿ ಬಂದ ಮೇಲೆ ಅಲ್ಲಿ ಇದು ಸಾಮಾನ್ಯ ವಸ್ತುವಾಗಿದೆ. ನಮ್ಮಲ್ಲಿ ಕೇಳಿದರೆ ಅಂಗಡಿಯವರೂ ಒಮ್ಮೆ ಯೋಚಿಸುತ್ತಾರೆ.

ಮೊದಲು ಮಂಗಳೂರಿನ ಒಂದು ಅಂಗಡಿಯಲ್ಲಿ ಕೊಟ್ಟ ವಾಲ್ವ್ ಕನಿಷ್ಠ ಒಂದು ಬಾರ್ ಒತ್ತಡ ಬೇಡುವಂಥದ್ದಾಗಿತ್ತು. ನಮ್ಮ 0.4 ಬಾರ್‌ಗೆ ಅದರಿಂದ ಬಂದ ನೀರು ನೂಲಿನ ಎಳೆಯಷ್ಟು. ಒತ್ತಡ ಎಷ್ಟಿದೆಯೆಂದು ನಾನು ಮೊದಲೇ ಹೇಳಿದ್ದೆ; ಕೊಡುವವರು ಪೆಟ್ಟಿಗೆಯ ಮೇಲಿನದನ್ನು ಓದಲಿಲ್ಲ, ನಾನೂ ಮನೆಗೆ ಬಂದ ಮೇಲೆ ಓದಿದೆ. ಎರಡನೆಯದು ಕಡಿಮೆ ಒತ್ತಡದ್ದು, 0.1 ಬಾರ್‌ಗೂ ನಡೆಯುತ್ತದೆ. ಅಟ್ಟದ ತೊಟ್ಟಿಯಿಂದ ನೀರಿಳಿಸುವ ಮನೆಗಳವರು ಕೊಳ್ಳುವಾಗ ನೋಡಬೇಕಾದ ಅಂಕಿ ಇದು.

ವಾಲ್ವನ್ನು ಸೋಲಾರ್ ತೊಟ್ಟಿಯ ಬುಡದಲ್ಲಿ ಕೂರಿಸಿದರೆ ಕೆಲಸ ಸುಲಭವಾಗುತ್ತಿತ್ತು, ಪ್ಲಂಬರನ ಅಭಿಪ್ರಾಯವೂ ಅದೇ ಆಗಿತ್ತು. ಆದರೆ ಹಾಗೆ ಮಾಡಿದರೆ 12 ಮೀಟರ್ ಪೈಪಿನಲ್ಲಿ ಉಗುರುಬೆಚ್ಚಗಿನ ನೀರು ನಿಲ್ಲುತ್ತದೆ. ಲೀಜಿಯೋನೆಲ್ಲಾ ಎಂಬ ಶ್ವಾಸಕೋಶದ ಕಾಯಿಲೆ ತರುವ ಬ್ಯಾಕ್ಟೀರಿಯ ಬೆಳೆಯುವುದು 20ರಿಂದ 45 ಡಿಗ್ರಿಯ ನಿಂತ ನೀರಿನಲ್ಲಿ. ಆದ್ದರಿಂದ ತೊಟ್ಟಿಯಲ್ಲಿ ನೀರು ಬಿಸಿಯಾಗಿಯೇ ಇರಲಿ, ಬೆರೆಯುವುದು ನಳ್ಳಿಯ ಹತ್ತಿರ ನಡೆಯಲಿ ಎಂದು ಬಚ್ಚಲಿನ ಗೋಡೆಯಲ್ಲೇ, ನಳ್ಳಿಗಿಂತ ಎರಡಡಿ ಮೇಲೆ ಕೂರಿಸಿದೆವು. 40 ಡಿಗ್ರಿಗೆ ಹೊಂದಿಸಿ, ತಿರುಪಿನ ಮೇಲಿನ ಮುಚ್ಚಳ ಬಿಗಿದೆ. ಬಾಲ್ದಿಗೆ ಬಿದ್ದು ನಿಲ್ಲುವಷ್ಟರಲ್ಲಿ ನೀರು 38ಕ್ಕೆ ಬರುತ್ತದೆ. ಕಳಚಿಟ್ಟಿದ್ದ ಹಿಡಿಯನ್ನು ಅದರ ಜಾಗಕ್ಕೆ ಮತ್ತೆ ಹಾಕಿದೆ.

ಮಾರ್ಚ್ 9

ಪರೀಕ್ಷೆ ಮಾಡಿದೆ. ಮಧ್ಯಾಹ್ನ ಮೂರು ಗಂಟೆಗೆ, ತೊಟ್ಟಿಯ ನೀರು 72 ಡಿಗ್ರಿ ಇದ್ದಾಗ, ನಳ್ಳಿ ತೆರೆದು ಥರ್ಮಾಮೀಟರು ಹಿಡಿದು, ತಣ್ಣೀರಿನ ವಾಲ್ವನ್ನು ಪೂರ್ತಿ ಮುಚ್ಚಿದೆ. ಅಂಕಿ 40ರಿಂದ 43ಕ್ಕೆ ಏರಿತು, ಆಮೇಲೆ ನೀರೇ ಸಣ್ಣದಾಗಿ, ತೊಟ್ಟಿಕ್ಕಿ, ನಿಂತಿತು. ಮೂರು ಸಲ ಮಾಡಿದೆ, ಮೂರು ಸಲವೂ ನಿಂತಿತು. ಈ ತಡೆ ನೆಟ್ಟಗೆ ಕೆಲಸ ಮಾಡಬೇಕಾದರೆ ಬಿಸಿನೀರು ಹೊಂದಿಸಿದ ಅಂಕಿಗಿಂತ ಹತ್ತು ಡಿಗ್ರಿಯಾದರೂ ಹೆಚ್ಚಿರಬೇಕು. ಮಳೆಗಾಲದಲ್ಲಿ ಸೋಲಾರ್ ನೀರು 45ಕ್ಕೆ ಇಳಿದಾಗ ಅದನ್ನು ನೆಚ್ಚುವಂತಿಲ್ಲ, ಆಗ ನೀರೂ ಕ್ಷಣದಲ್ಲಿ ಸುಡುವಷ್ಟು ಇರುವುದಿಲ್ಲ.

ಏಪ್ರಿಲ್ 20

ಮೊದಲ ಬೇಸಿಗೆ ಮಳೆ ಸುರಿದ ಮರುದಿನ ನಳ್ಳಿಯ ನೀರು ತೀರಾ ಕಡಿಮೆಯಾಯಿತು. ವಾಲ್ವಿನ ಬಾಯಲ್ಲಿರುವ ಜಾಲರಿಯನ್ನು ಬಿಚ್ಚಿದರೆ ಬೆರಳಿಗೆ ನುಣ್ಣನೆಯ ಕೆಂಪು ಕೆಸರು ಹತ್ತಿತು. ಸುರಂಗದ ನೀರು ಮಳೆಗೆ ಕದಡಿದೆ. ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ ತೊಳೆದು ಹಾಕಿದೆ. ಕೆಸರು ಮೇಣದ ಅಂಡೆಯವರೆಗೆ ಹೋದರೆ ವಾಲ್ವ್ ಸಿಕ್ಕಿಕೊಂಡು ತಡೆಯೇ ಇಲ್ಲದಂತಾಗಬಹುದು. ಹಾಗಾಗಿ ತಾರಸಿಯ ತೊಟ್ಟಿಗೆ ನೀರು ಬೀಳುವಲ್ಲಿ ಒಂದು ಫಿಲ್ಟರ್ ಹಾಕಿದ್ದೇನೆ, ಪ್ರತಿ ತಿಂಗಳ ಸಂಕ್ರಮಣಕ್ಕೆ ತಣ್ಣೀರು ಮುಚ್ಚಿ ನೋಡುವ ಪರೀಕ್ಷೆಯನ್ನು ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದೇನೆ.

ಮೇ 6

ಉಳಿದದ್ದು ಹಳೆಯ ಅಬ್ಬಿಕೊಟ್ಟಿಗೆ, ಅಂದರೆ ನೀರು ಕಾಯಿಸಿ ಮೀಯುವ ಕೊಟ್ಟಿಗೆ. ಅಲ್ಲಿ ನಳ್ಳಿಯಿಲ್ಲ, ತಾಮ್ರದ ಹಂಡೆ, ಕೆಳಗೆ ಅಡಿಕೆ ಸಿಪ್ಪೆ ಮತ್ತು ತೆಂಗಿನ ಮಡಲಿನ ಬೆಂಕಿ, ಕುದಿಯುವುದಕ್ಕೆ ಸ್ವಲ್ಪ ಮೊದಲಿನ ನೀರು. ಯಾವ ವಾಲ್ವೂ ಇಲ್ಲಿ ಉಪಯೋಗಕ್ಕೆ ಬಾರದು. ಬಾಗಿಲಿಗೆ ಅಡ್ಡಲಾಗಿ ಮೂರಡಿ ಎತ್ತರದ ಹಲಗೆಯ ಅರ್ಧಬಾಗಿಲು ಮಾಡಿಸಿ, ಚಿಲಕವನ್ನು ಮಗಳ ಕೈಗೆ ಎಟುಕದ ಕಡೆ ಇರಿಸಿದೆ. ಹಂಡೆಗೆ ಭಾರದ ಮರದ ಮುಚ್ಚಳವಿದೆ.

ಬಾಲ್ದಿಗಳ ವಿಷಯ ಅಮ್ಮನೊಂದಿಗೆ ಇನ್ನೂ ಮಾತಿನಲ್ಲಿದೆ. ಮಾರನೆಯ ದಿನಕ್ಕೆಂದು ರಾತ್ರಿಯೇ ನೀರು ತುಂಬಿಡುವುದು ಈ ಮನೆಯ ಪದ್ಧತಿ, ಬೇಸಿಗೆಯಲ್ಲಿ ಸುರಂಗದ ನೀರು ಸಣ್ಣಗಾದಾಗ ಅದಕ್ಕೆ ಕಾರಣವೂ ಇತ್ತು. ಆದರೆ ಎರಡು ವರ್ಷದ ಮಗುವಿನ ತಲೆ ಮೈಗೆ ಹೋಲಿಸಿದರೆ ಭಾರ. 20 ಲೀಟರಿನ ಬಾಲ್ದಿಗೆ ಬಗ್ಗಿ ತಲೆಕೆಳಗಾದರೆ ತಾನಾಗಿ ಏಳಲಾರದು, ತಳದಲ್ಲಿ ಎರಡಿಂಚು ನೀರಿದ್ದರೂ ಸಾಕು, ಸದ್ದೂ ಆಗುವುದಿಲ್ಲ. ತುಂಬಿಟ್ಟ ನೀರನ್ನು ಬಿಗಿ ಮುಚ್ಚಳದ ಡ್ರಮ್ಮಿಗೆ ವರ್ಗಾಯಿಸುವುದೆಂದು ನಿನ್ನೆ ಒಪ್ಪಿಗೆಯಾಗಿದೆ. ಸ್ನಾನ ಮುಗಿದೊಡನೆ ಬಾಲ್ದಿಗಳನ್ನು ಬೋರಲು ಹಾಕುವ ಕೆಲಸವನ್ನು ಮಗಳು ತಾನೇ ವಹಿಸಿಕೊಂಡಿದ್ದಾಳೆ. ಚೆಂಬನ್ನೂ ಬೋರಲು ಹಾಕುತ್ತಾಳೆ, ಕೆಲವು ದಿನ ತನ್ನ ಅನ್ನದ ಬಟ್ಟಲನ್ನೂ.

ಇನ್ನು ಮಿಥುನ ಮಾಸದ ಮಳೆಗೆ ಸೋಲಾರಿನ ವಿದ್ಯುತ್ ಕಾಯಿಲ್ ಶುರುಮಾಡಬೇಕು. ಅದಕ್ಕೆ ಮೊದಲು ಅರ್ಥಿಂಗ್ ನೋಡಿಸಿ, ವಿದ್ಯುತ್ ಸೋರಿದರೆ ಕೂಡಲೇ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸುವುದಿದೆ. ಎಲೆಕ್ಟ್ರಿಷಿಯನ್ ಮುಂದಿನ ವಾರ ಬರುತ್ತಾರೆ.